ಬಾಬಾಬುಡನ್‌ಗಿರಿಯೋ, ಯಿರ್ಗಚೆಫೆಯೋ?

ಬಳ್ಳಾರಿಯಲ್ಲಿದ್ದು, ಚಿಕೋರಿ ಬೆರೆಸಿದ ಹಾಲಿನ ಕಾಫಿಗೆ ನಾಲಿಗೆ ಒಗ್ಗಿದ್ದರೆ ಮೊದಲು ಬಾಬಾಬುಡನ್‌ಗಿರಿ ಅರೇಬಿಕಾ ಕೊಳ್ಳಿ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಚಿಕ್ಕಮಗಳೂರಿನ ಕಾಫಿಯ ರುಚಿ ಗಟ್ಟಿ, ಹುಳಿ ಹಿತಮಿತ. ಹಾಲು ಹಾಕಿದರೂ ಸೋಲುವುದಿಲ್ಲ.

ಇಥಿಯೋಪಿಯಾದ ಯಿರ್ಗಚೆಫೆ ಕಾಫಿಗೆ ಹಾಲು ಹಾಕುವುದು ಅನ್ಯಾಯ. 15 ಗ್ರಾಂ ಪುಡಿಗೆ 240 ಮಿ.ಲೀ. ನೀರು, ಕುದಿ ಇಳಿದ ಮೇಲೆ ನಿಧಾನವಾಗಿ ಸುರಿಯಿರಿ. ಪುಡಿ ಉಬ್ಬುವಾಗಲೇ ಮಲ್ಲಿಗೆಯಂಥ ಪರಿಮಳ ಏಳುತ್ತದೆ. ಬಿಸಿ ಇರುವಾಗ ಘಮವೇ ಮುಂದು. ಉಗುರುಬೆಚ್ಚಗಾದಾಗ ನಿಂಬೆಯ ಹುಳಿ, ಅದರ ಬೆನ್ನಿಗೇ ಸಿಹಿ. ಸೊರ್ರೆಂದು ಹೀರಿ, ಸಂಕೋಚ ಬೇಡ. ಗಾಳಿ ಸೇರಿದಾಗಲೇ ಪರಿಮಳ ಮೂಗಿಗೇರುವುದು. ಬೆಲೆ ಹೆಚ್ಚು, ನಿಜ. ಆದರೂ ನಮ್ಮ ಊರಿನ ಬೇಸಿಗೆಗೆ ನನ್ನ ಆಯ್ಕೆ ಇದೇ: ಆರಿದಷ್ಟೂ ಸೊಗಸು. ಕೊಳವೆಬಾವಿಯ ಗಡಸು ನೀರನ್ನು ಮಾತ್ರ ಬಳಸಬೇಡಿ, ಆ ಹುಳಿಯೇ ಮಂಕಾಗುತ್ತದೆ.