ಹಾವು ಕಡಿತದ ಲೇಖನ ಎಲ್ಲಿಗೆ ಕಳಿಸುವುದು: ಡಾಲರ್ ಜರ್ನಲ್, ಮೇಲ್ ಜರ್ನಲ್, ಸಂಘದ ಜರ್ನಲ್

ಮೊದಲೇ ಹೇಳಿಬಿಡುತ್ತೇನೆ. ಶಿರಸಿ, ಕಾರವಾರದಂಥ ಊರಲ್ಲಿ ಕೆಲಸ ಮಾಡುವ ವೈದ್ಯರು ತಮ್ಮ ಕೇಸುಗಳ ಬಗ್ಗೆ ಬರೆದು ಕಳಿಸುವುದಾದರೆ ನನ್ನ ಓಟು ಸಂಘದ ಜರ್ನಲ್‌ಗೆ (ಜರ್ನಲ್ ಅಂದರೆ ಸಂಶೋಧನಾ ಲೇಖನಗಳ ಪತ್ರಿಕೆ). ಅಂದರೆ ನಮ್ಮ ದೇಶದ ವೈದ್ಯರ ಸಂಘಗಳು ನಡೆಸುವ, ಬರೆದವರ ಹತ್ತಿರ ದುಡ್ಡು ಕೇಳದ, ಯಾರು ಬೇಕಾದರೂ ಪುಕ್ಕಟೆ ಓದಬಹುದಾದ ಜರ್ನಲ್. ನಿಧಾನ, ನಿಜ. ಆದರೂ ಅದೇ. ಬರೆದವರ ಹತ್ತಿರ ದುಡ್ಡು ಕೇಳುವ ಹೊರದೇಶದ ಡಾಲರ್ ಜರ್ನಲ್, ಲೇಖನ ಕಳಿಸಿ ಅಂತ ಇಮೇಲ್ ಹಾಕುವ ಮೇಲ್ ಜರ್ನಲ್, ಈ ಉಳಿದ ಎರಡನ್ನೂ ನೋಡಿಯೇ ಹೇಳುತ್ತಿದ್ದೇನೆ.

ನಮ್ಮ ಲೇಖನ ಗುಳಿಮಂಡಲದ ಬಗ್ಗೆ. ಸೊಪ್ಪಿನ ಬೆಟ್ಟದಲ್ಲಿ ದರಕು (ಉದುರಿದ ಒಣ ಎಲೆ) ಗುಡಿಸುವಾಗ, ಅಡಿಕೆ ತೋಟದಲ್ಲಿ ಕಳೆ ಕೀಳುವಾಗ ಕಚ್ಚುವ ಗಿಡ್ಡ ಹಾವು ಇದು. ಬಣ್ಣ ದರಕಿನದೇ. ಮೂತಿಯ ತುದಿ ಚೂರು ಮೇಲಕ್ಕೆದ್ದಿರುತ್ತದೆ. ಡಾಕ್ಟರುಗಳು ಹಂಪ್‌ನೋಸ್ಡ್ ಪಿಟ್ ವೈಪರ್ ಅನ್ನುತ್ತಾರೆ. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಎಎಸ್‌ವಿ, ಅಂದರೆ ಹಾವಿನ ವಿಷ ಇಳಿಸುವ ಔಷಧಿ, ತಯಾರಾಗುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಮಾತ್ರ. ಗುಳಿಮಂಡಲಕ್ಕೆ ಅದು ನಾಟುವುದಿಲ್ಲ. ಬಹಳ ಜನಕ್ಕೆ ಕೈಯೋ ಕಾಲೋ ಊದಿ ಇಳಿಯುತ್ತದೆ. ಕೆಲವರಿಗೆ ಮಾತ್ರ ರಕ್ತ ಹೆಪ್ಪುಗಟ್ಟದೆ, ಕಿಡ್ನಿ ಕೈಕೊಟ್ಟು, ಡಯಾಲಿಸಿಸ್ ತನಕ ಹೋಗುತ್ತದೆ. ಈ ಹಾವು ಜೀವಕ್ಕೇ ಕುತ್ತು ತರಬಹುದು ಎಂದು ಕೇರಳದ ವೈದ್ಯರು 2007ರಲ್ಲಿ ಖಚಿತ ಕೇಸುಗಳ ಸಮೇತ ಬರೆದರು. ಅದಕ್ಕೆ ಮೊದಲು ಇಂಥ ಎಷ್ಟೋ ಕೇಸು ಕೊಳಕುಮಂಡಲದ ಲೆಕ್ಕಕ್ಕೆ ಹೋಗಿವೆ. ನಮ್ಮ ಕಡೆ ಈಗಲೂ ಹೋಗುತ್ತಿವೆ. ಎಎಸ್‌ವಿ ಬಾಟಲಿ ಮೇಲೆ ಬಾಟಲಿ ಏರಿಸುತ್ತಾರೆ, ರಕ್ತ ಹೆಪ್ಪುಗಟ್ಟುವುದಿಲ್ಲ, ಇನ್ನಷ್ಟು ಏರಿಸುತ್ತಾರೆ. ಆ ಔಷಧಿಯಿಂದಲೇ ಅಲರ್ಜಿ ಆಗುವ ಅಪಾಯ ಬೇರೆ. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಮಾಡಿತಲ್ಲ, ಅದಾದ ಮೇಲೆ ರಿಜಿಸ್ಟರ್‌ಗಳು ಚೊಕ್ಕವಾಗಿವೆ. ಹಾಗಾಗಿ ಕೇಸ್ ಸೀರೀಸ್, ಅಂದರೆ ಒಂದೇ ಬಗೆಯ ಹಲವು ರೋಗಿಗಳ ವಿವರ ಒಟ್ಟಿಗಿರುವ ಲೇಖನ, ಬರೆಯಲು ಕೂತೆವು.

ಯಾರು ಓದಬೇಕು ಇದನ್ನು? ಸಿದ್ದಾಪುರದ, ಯಲ್ಲಾಪುರದ, ಅಂಕೋಲೆಯ ಕ್ಯಾಶುವಾಲ್ಟಿಯಲ್ಲಿ ರಾತ್ರಿ ಡ್ಯೂಟಿ ಮಾಡುವವರು. ನನ್ನ ಹೋಲಿಕೆ ಪೂರ್ತಿ ನಿಂತಿರುವುದು ಇದರ ಮೇಲೆ. ಇಂಪ್ಯಾಕ್ಟ್ ಫ್ಯಾಕ್ಟರ್ (ಜರ್ನಲ್‌ನ ಲೇಖನಗಳನ್ನು ಬೇರೆಯವರು ಎಷ್ಟು ಉಲ್ಲೇಖಿಸುತ್ತಾರೆ ಅನ್ನುವ ಅಂಕ) ಪಟ್ಟಿ ಬೇಕಾದವರಿಗೆ ಅದು ಎಲ್ಲ ಕಡೆ ಸಿಗುತ್ತದೆ, ನಾನು ಹಾಕುವುದಿಲ್ಲ.

ಮೇಲ್ ಜರ್ನಲ್‌ದು ಎರಡು ಮಾತಲ್ಲಿ ಮುಗಿಸುತ್ತೇನೆ. ದಿನಾ ಬೆಳಗಾದರೆ ಇನ್‌ಬಾಕ್ಸಿನಲ್ಲಿ ಕೂತಿರುತ್ತವಲ್ಲ, 'ಮಾನ್ಯ ಪ್ರೊಫೆಸರ್ ಅವರೇ, ತಮ್ಮ ಅಮೂಲ್ಯ ಲೇಖನ ಕಳಿಸಿ' ಅಂತ, ಅವು. ನಮ್ಮ ವಿಭಾಗದ ಹಳೆಯದೊಂದು ಕೇಸ್ ರಿಪೋರ್ಟ್ ಅಂಥ ಒಂದಕ್ಕೆ ಹೋಗಿತ್ತು. ವಾರದೊಳಗೆ ಒಪ್ಪಿಗೆ ಬಂತು. ವಿಮರ್ಶಕರ ಟಿಪ್ಪಣಿ ಅಂತ ಬಂದದ್ದು ಒಂದೇ ಸಾಲು, ಇಂಗ್ಲಿಷ್ ಸ್ವಲ್ಪ ತಿದ್ದಿ ಅಂತ. ಅದರ ಬೆನ್ನಿಗೇ ಬಿಲ್. ಬೇಡ, ವಾಪಸ್ ತಗೊಳ್ಳುತ್ತೇವೆ ಅಂದರೆ ಅದಕ್ಕೂ ಶುಲ್ಕ! ರೋಗಿಯ ಕಥೆಯನ್ನು ಯಾರೂ ಓದದೆ ಅಚ್ಚು ಹಾಕುವುದು ಆ ರೋಗಿಗೆ ಮಾಡುವ ಅವಮಾನ ಅಂತಲೇ ನನಗೆ ಅನ್ನಿಸುತ್ತದೆ. ನಮ್ಮ ಪಿಜಿ ವಿದ್ಯಾರ್ಥಿಗಳಿಗೆ ಹೇಳುವುದು ಇಷ್ಟೇ. ಜರ್ನಲ್ ತನ್ನ ಸೈಟಿನಲ್ಲಿ ಹಾಕಿಕೊಂಡ ಲೋಗೋ ನಂಬಬೇಡಿ. ಪುಕ್ಕಟೆ ಓದಬಹುದಾದ ಜರ್ನಲ್‌ಗಳ ಪಟ್ಟಿ ಇಡುವ ಡಿಒಎಜೆ ಸೈಟಿಗೇ ಹೋಗಿ ಹುಡುಕಿ, ವೈದ್ಯಕೀಯ ಲೇಖನ ಹುಡುಕುವ ಪಬ್‌ಮೆಡ್‌ನಲ್ಲಿ ಅದರ ಇತ್ತೀಚಿನ ಲೇಖನಗಳು ಸಿಗುತ್ತವಾ ನೋಡಿ. ಗೂಗಲ್ ಸ್ಕಾಲರ್‌ನಲ್ಲಿ ಸಿಕ್ಕಿತು ಅಂದ ಮಾತ್ರಕ್ಕೆ ಇಂಡೆಕ್ಸ್ ಆದ, ಅಂದರೆ ಪರಿಶೀಲಿಸಿದ ಪಟ್ಟಿಗೆ ಸೇರಿದ, ಹಾಗಲ್ಲ.

ಇನ್ನು ಡಾಲರ್ ಜರ್ನಲ್. ಹೊರದೇಶದ ದೊಡ್ಡ ಪ್ರಕಾಶಕರದ್ದು, ಒಳ್ಳೆಯ ಹೆಸರು, ಒಪ್ಪಿಗೆಯಾದರೆ ಬರೆದವರು ದುಡ್ಡು ಕೊಡಬೇಕು. ಇವರ ಪಿಯರ್ ರಿವ್ಯೂ (ಅದೇ ವಿಷಯ ಬಲ್ಲವರಿಂದ ಲೇಖನದ ವಿಮರ್ಶೆ) ನಿಜವಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಗುಳಿಮಂಡಲದ ಲೇಖನವನ್ನು ಮೊದಲು ಇಲ್ಲಿಗೇ ಕಳಿಸಿದೆವು. ಒಂದೇ ಲೇಖನ ಏಕಕಾಲಕ್ಕೆ ಎರಡು ಕಡೆ ಕಳಿಸುವ ಹಾಗಿಲ್ಲವಲ್ಲ, ಹಾಗಾಗಿ ಉಳಿದವರ ಬಾಗಿಲು ಅಷ್ಟು ದಿನ ಮುಚ್ಚಿದಂತೆಯೇ.

ಕಾಡಿದ್ದು ಇಂಗ್ಲಿಷ್ ಅಲ್ಲ, ಅಂಕಿಅಂಶ ಅಲ್ಲ, ಎಥಿಕ್ಸ್ ಕಮಿಟಿಯ ಪತ್ರವೂ ಅಲ್ಲ. ಕಾಡಿದ್ದು ಹೆಸರು.

ನಮ್ಮ ಜಿಲ್ಲೆಯಲ್ಲಿ ಹೆಗಡೆ, ಭಟ್ಟ, ನಾಯ್ಕ, ಗೌಡ ಅಂತ ಅಡ್ಡಹೆಸರು ಇರುವವರೇ ಜಾಸ್ತಿ, ಅವರಿಗೆ ಈ ತಾಪತ್ರಯ ಗೊತ್ತಾಗುವುದಿಲ್ಲ. ಜೊತೆಗೆ ಬರೆದ ಒಬ್ಬ ಡಾಕ್ಟರ್ ಹಾಸನದ ಕಡೆಯವರು, ಈಗ ಜೊಯಿಡಾ ತಾಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದಾರೆ. ಅವರಿಗೆ ಇರುವುದು ಒಂದು ಹೆಸರು, ಒಂದು ಇನಿಶಿಯಲ್. ಸವಿತಾ ಎಂ. ಅಂತಿಟ್ಟುಕೊಳ್ಳಿ. ಲೇಖನ ಸಲ್ಲಿಸುವ ಜರ್ನಲ್‌ನ ಪೋರ್ಟಲ್‌ನಲ್ಲಿ ಕೊನೆಯ ಹೆಸರಿನ ಜಾಗಕ್ಕೆ ಕೆಂಪು ನಕ್ಷತ್ರ, ಖಾಲಿ ಬಿಡುವ ಹಾಗಿಲ್ಲ. ಎಂ ಅಂತ ಹಾಕಿದರೆ ಒಂದೇ ಅಕ್ಷರ ತಗೊಳ್ಳುವುದಿಲ್ಲ. ತಂದೆಯ ಪೂರ್ತಿ ಹೆಸರು ಹಾಕಿದೆವು, ಒಪ್ಪಿತು. ಲೇಖನದ ಮೊದಲ ಪುಟದಲ್ಲಿ ಮೆಡಿಕಲ್ ಕೌನ್ಸಿಲ್ ನೋಂದಣಿಯಲ್ಲಿದ್ದ ಹಾಗೆ ಇನಿಶಿಯಲ್ ಕೊನೆಗೆ ಇತ್ತು. ಅವರ ಆರ್ಕಿಡ್ (ORCID, ಲೇಖಕರನ್ನು ಗುರುತಿಸುವ ಆನ್‌ಲೈನ್ ನಂಬರ್) ಖಾತೆಯಲ್ಲಿ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹಾಗೆ ಇನಿಶಿಯಲ್ ಮೊದಲು. ಹಿತಾಸಕ್ತಿಯ ಘೋಷಣೆ, ಅಂದರೆ ಈ ಲೇಖನದಲ್ಲಿ ತಮಗೆ ಹಣದ ಅಥವಾ ಬೇರೆ ಲಾಭ ಇದೆಯಾ ಅಂತ ತಿಳಿಸುವ ಒಂದು ಫಾರಂ ಪ್ರತಿಯೊಬ್ಬ ಲೇಖಕರೂ ಕೊಡಬೇಕಲ್ಲ, ಅದರಲ್ಲಿ ಬರೀ ಸವಿತಾ. ಒಬ್ಬರೇ ಮನುಷ್ಯರು, ನಾಲ್ಕು ಕಡೆ ನಾಲ್ಕು ಹೆಸರು.

ಈ ಜರ್ನಲ್‌ಗಳಲ್ಲಿ ಲೇಖನ ಸಂಪಾದಕರ ಕೈಗೆ ಹೋಗುವ ಮೊದಲು ತಾಂತ್ರಿಕ ತಪಾಸಣೆ ಅಂತ ಒಂದು ಇರುತ್ತದೆ. ಅಲ್ಲಿ ಕೂತವರು ನಿಮ್ಮ ವಿಷಯ ಓದುವುದಿಲ್ಲ, ಫಾರಂ ಹೊಂದಿಸಿ ನೋಡುತ್ತಾರೆ. ಮೊದಲ ಪುಟದ ಹೆಸರು ಪೋರ್ಟಲ್ ಜೊತೆ ಹೊಂದುತ್ತಿಲ್ಲ ಅಂತ ವಾಪಸ್ ಬಂತು. ಸರಿ ಮಾಡಿದೆವು. ಈಗ ಫಾರಂ ಹೊಂದುತ್ತಿಲ್ಲ ಅಂತ ವಾಪಸ್. ಎರಡನ್ನೂ ಒಂದೇ ಸಲ ಹೇಳಬಹುದಿತ್ತಲ್ವಾ? ಹೇಳುವುದಿಲ್ಲ. ಒಂದು ತಪ್ಪು ಕಂಡ ಕೂಡಲೇ ವಾಪಸ್ ಕಳಿಸುವುದೇ ಅವರ ಪದ್ಧತಿ.

ಫಾರಂ ಮತ್ತೆ ತುಂಬಿ ಸಹಿ ಹಾಕಬೇಕಾದವರು ಜೊಯಿಡಾದಲ್ಲಿ. ಮಳೆಗಾಲ. ಕರೆಂಟ್ ಹೋದರೆ ಟವರೂ ಹೋಗುತ್ತದೆ. ಫಾರಂ ಇರುವುದು ವರ್ಡ್ ಫೈಲಿನಲ್ಲಿ, ಅವರ ಮೊಬೈಲಿನಲ್ಲಿ ತೆರೆದರೆ ಟಿಕ್ ಹಾಕುವ ಚೌಕಗಳೇ ಕೆಲಸ ಮಾಡಲಿಲ್ಲ. ದಾಂಡೇಲಿಗೆ ಬಂದ ದಿನ ಕಂಪ್ಯೂಟರ್ ಹುಡುಕಿ ತುಂಬಿ ಕಳಿಸಿದರು. ಅಷ್ಟರಲ್ಲಿ ಇನ್ನೊಂದು. ಪ್ರತಿ ಸಲ ಮತ್ತೆ ಸಲ್ಲಿಸಿದಾಗ ಎಲ್ಲ ಲೇಖಕರಿಗೂ 'ಹೌದು, ನಾನು ಇದರ ಲೇಖಕ' ಅಂತ ಒಪ್ಪಿಕೊಳ್ಳುವ ಹೊಸ ಲಿಂಕ್ ಹೋಗುತ್ತದೆ, ಹಳೆಯ ಲಿಂಕ್ ಸತ್ತುಹೋಗುತ್ತದೆ. ಅವರು ನೆಟ್‌ವರ್ಕ್ ಸಿಕ್ಕಾಗ ಒತ್ತಿದ್ದು ಸತ್ತ ಲಿಂಕ್. ನಾವು ಪರಿಸ್ಥಿತಿ ವಿವರಿಸಿ ಬರೆದರೆ ಎಲ್ಲರಿಗೂ ಕಳಿಸುವ ಅದೇ ಸಿದ್ಧ ಉತ್ತರ.

ಇದನ್ನು ಇಷ್ಟುದ್ದ ಹೇಳುವುದಕ್ಕೆ ಕಾರಣ ಇದೆ. ಹೆಸರು ಒಮ್ಮೆ ಪಬ್‌ಮೆಡ್‌ಗೆ ಹೇಗೆ ಹೋಯಿತೋ ಹಾಗೇ ಉಳಿಯುತ್ತದೆ. ತಂದೆಯ ಹೆಸರಿನಲ್ಲಿ ಒಂದು ಲೇಖನ, ಇನಿಶಿಯಲ್‌ನಲ್ಲಿ ಇನ್ನೊಂದು ಅಂತಾದರೆ ನಾಳೆ ಹುಡುಕಿದವರಿಗೆ ಇಬ್ಬರು ಬೇರೆ ಬೇರೆ ಜನ ಕಾಣುತ್ತಾರೆ. ಎನ್‌ಎಂಸಿಯ (ರಾಷ್ಟ್ರೀಯ ವೈದ್ಯಕೀಯ ಆಯೋಗದ) 2022ರ ನಿಯಮದಲ್ಲಿ, ವೈದ್ಯಕೀಯ ಕಾಲೇಜಿನ ಬಡ್ತಿಗೆ ಲೆಕ್ಕಕ್ಕೆ ಬರಲು ಮೊದಲ ಮೂರು ಹೆಸರುಗಳಲ್ಲಿ ಇರಬೇಕು, ಇಲ್ಲಾ ಜರ್ನಲ್ ಜೊತೆ ಪತ್ರ ವ್ಯವಹಾರ ಮಾಡುವ ಲೇಖಕರಾಗಿರಬೇಕು ಅಂತ ಇತ್ತು. ಕಾಡಿನ ನಡುವೆ ಕೂತು ಹಾವಿನ ಫೋಟೋ, ಗಾಯದ ಫೋಟೋ, ಕಚ್ಚಿದ ಗಂಟೆ ಎಲ್ಲ ಬರೆದಿಟ್ಟವರು ಈ ಡಾಕ್ಟರು. ಅವರ ಹೆಸರು ಸರಿಯಾಗಿ ಬರುವುದು ನನಗೆ ಸಣ್ಣ ವಿಷಯ ಅಲ್ಲ.

ಕೊನೆಗೆ ಎಲ್ಲ ಹೊಂದಿತು. ಲೇಖನ ಸಂಪಾದಕರ ಮೇಜಿಗೆ ಹೋಯಿತು. ವಿಮರ್ಶೆಗೆ ಕಳಿಸದೆಯೇ ಅವರು ವಾಪಸ್ ಮಾಡಿದರು. ಒಂದು ಪ್ರದೇಶಕ್ಕೆ ಸೀಮಿತವಾದ ವಿಷಯ, ನಮ್ಮ ಇನ್ನೊಂದು ಜರ್ನಲ್‌ಗೆ ವರ್ಗಾಯಿಸಬಹುದು ಅಂತ ಸಲಹೆ. ಅದಕ್ಕೂ ಡಾಲರ್. ಇಂಥ ಕಡೆ ಶುಲ್ಕ ಎರಡು ಸಾವಿರ ಡಾಲರ್ ದಾಟುವುದು ಮಾಮೂಲು, ಅಂದರೆ ಒಂದೂವರೆ ಲಕ್ಷ ರೂಪಾಯಿಗೂ ಮೇಲೆ. ನಮ್ಮ ವಿಭಾಗಕ್ಕೆ ಆ ಬಾಬ್ತಿಗೆ ಹಣವೇ ಇಲ್ಲ, ಸಂಬಳದಿಂದಲೇ ಕೊಡಬೇಕು. ಬಡ ದೇಶದವರಿಗೆ ಮಾಫಿ ಇದೆಯಲ್ಲ ಅಂತ ಕೆಲವರು ಹೇಳುತ್ತಾರೆ. ಎಷ್ಟೋ ದೊಡ್ಡ ಪ್ರಕಾಶಕರ ಮಾಫಿ ಪಟ್ಟಿಯಲ್ಲಿ ಭಾರತ ಇಲ್ಲ. ಒಟ್ಟು ಜಿಡಿಪಿ ಇಷ್ಟರೊಳಗೆ ಇರಬೇಕು ಅಂತ ಮಿತಿ ಇರುತ್ತದೆ, ನಮ್ಮದು ಅದರ ಎಷ್ಟೋ ಪಾಲು ಮೇಲೆ. ಶಿರಸಿಯ ಡಾಕ್ಟರ ಜೇಬು ಅವರ ಲೆಕ್ಕದಲ್ಲಿ ಇಲ್ಲ.

ಸಂಘದ ಜರ್ನಲ್‌ನ ಸೈಟ್ ನೋಡಲು ಹಳೆಯದು. ಓಜೆಎಸ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್, ಕೆನಡಾದ ಪಬ್ಲಿಕ್ ನಾಲೆಜ್ ಪ್ರಾಜೆಕ್ಟ್ ಮಾಡಿ ಕೊಟ್ಟದ್ದು. ಜಗತ್ತಿನ ಸಾವಿರಾರು ಸಣ್ಣ ಜರ್ನಲ್‌ಗಳು ಇದರ ಮೇಲೇ ನಡೆಯುತ್ತವೆ. ಇದರಲ್ಲಿ ಅಡ್ಡಹೆಸರು ಕಡ್ಡಾಯ ಅಲ್ಲ! ಹೆಸರು ಒಂದು ಇದ್ದರೆ ಸಾಕು, ಎಂ ಅಂತ ಹಾಕಿದರೂ ಸುಮ್ನೆ ತಗೊಳ್ಳುತ್ತದೆ. ಅಷ್ಟು ಕಾಡಿದ ವಿಷಯ ಇಲ್ಲಿ ಎರಡು ನಿಮಿಷದ ಕೆಲಸ. ಸಹಿ ಮಾಡಿದ ಫಾರಂಗಳನ್ನು ಲೇಖನ ಒಪ್ಪಿಗೆಯಾದ ಮೇಲೆ ಒಟ್ಟಿಗೆ ಕೊಡಿ ಅಂದರು.

ಚಿತ್ರಗಳ ಗಾತ್ರಕ್ಕೆ ಮಿತಿ ಬಹಳ ಕಡಿಮೆ, ಕುಗ್ಗಿಸಬೇಕು. ವಿಮರ್ಶಕರಿಗೆ ಹೆಸರು ಕಾಣದ ಹಾಗೆ ಆಸ್ಪತ್ರೆಯ ಹೆಸರನ್ನೂ ತೆಗೆಯಬೇಕು, ವರ್ಡ್ ಫೈಲಿನ ಪ್ರಾಪರ್ಟೀಸ್‌ನಲ್ಲಿ ಅಡಗಿರುವ ಹೆಸರನ್ನೂ.

ಆಮೇಲೆ ಕಾಯುವುದು. ತಿಂಗಳುಗಟ್ಟಲೆ ಅದೇ ಒಂದು ಸಾಲು, ವಿಮರ್ಶೆಯಲ್ಲಿದೆ ಅಂತ. ವಿಮರ್ಶಕರು ಸಂಬಳವಿಲ್ಲದೆ ಓದುವವರು, ಒಪಿಡಿ ಮುಗಿಸಿ ರಾತ್ರಿ ಕೂತು ಓದುವವರು. ಬೇಸರ ಬಂದದ್ದು ಹೌದು, ಆದರೆ ಬಂದ ಟಿಪ್ಪಣಿ ನೋಡಿ ಬೇಸರ ಇಳಿಯಿತು.

ಒಬ್ಬ ವಿಮರ್ಶಕರು ಕೇಳಿದ್ದು ಇದು. ಇಪ್ಪತ್ತು ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯನ್ನು ಯಾವ ಟ್ಯೂಬಿನಲ್ಲಿ ಮಾಡಿದಿರಿ, ಗಾಜಿನದ್ದೋ ಪ್ಲಾಸ್ಟಿಕ್ಕಿನದ್ದೋ? ಗಾಜಾದರೆ ಹೊಸದೋ, ತೊಳೆದದ್ದೋ? ಹಾವು ಕಡಿತ ನೋಡುವವರಿಗೆ ಈ ಪ್ರಶ್ನೆಯ ಬೆಲೆ ಗೊತ್ತು. ಎರಡು ಎಂಎಲ್ ರಕ್ತ, ಒಣಗಿದ ಸ್ವಚ್ಛ ಗಾಜಿನ ಟ್ಯೂಬು, ಅಲುಗಾಡಿಸದೆ ಇಪ್ಪತ್ತು ನಿಮಿಷ, ಆಮೇಲೆ ಒಮ್ಮೆ ವಾಲಿಸಿ ನೋಡುವುದು. ಹೆಪ್ಪುಗಟ್ಟುವ ಕ್ರಿಯೆಯನ್ನು ಶುರು ಮಾಡಿಸುವುದು ಗಾಜಿನ ಮೈ. ಪ್ಲಾಸ್ಟಿಕ್ಕಿನಲ್ಲಿ, ಸೋಪಿನಿಂದ ತೊಳೆದ ಟ್ಯೂಬಿನಲ್ಲಿ ಒಳ್ಳೆಯ ರಕ್ತವೂ ನೀರಿನ ಹಾಗೇ ಉಳಿಯಬಹುದು. ಆಗ ವಿಷ ಏರಿದೆ ಅಂದುಕೊಳ್ಳುತ್ತೇವೆ. ನಾವು ಹಾಳೆಗಳನ್ನೆಲ್ಲ ಮತ್ತೆ ತೆಗೆದೆವು, ಟ್ಯೂಬ್ ಯಾವುದು ಅಂತ ಖಚಿತವಿಲ್ಲದ ರೋಗಿಗಳನ್ನು ಲೇಖನದಿಂದ ಕೈಬಿಟ್ಟೆವು. ಸಂಖ್ಯೆ ಕಡಿಮೆಯಾಯಿತು, ಮಾತು ಗಟ್ಟಿಯಾಯಿತು. ಇನ್ನೊಬ್ಬರು, ಹಾವನ್ನು ಗುರುತಿಸಿದವರು ಯಾರು, ಕಣ್ಣು ಮತ್ತು ಮೂಗಿನ ನಡುವಿನ ಗುಳಿ ಫೋಟೋದಲ್ಲಿ ಕಾಣುತ್ತದಾ ಅಂತ ಕೇಳಿದರು. ಮನೆಯವರ ಮಾತಿನ ಮೇಲೆ ನಿಂತ ಕೇಸುಗಳನ್ನು ಬೇರೆ ಕೋಷ್ಟಕ ಮಾಡಿ ಹಾಕಿದೆವು. ಇಂಥ ಓದು ದುಡ್ಡು ಕೊಟ್ಟರೆ ಸಿಗುತ್ತದೆ ಅಂತೇನಿಲ್ಲ. ಇವರು ಎಲ್ಲೋ ಪಶ್ಚಿಮ ಘಟ್ಟದ ಸೆರಗಿನಲ್ಲೇ ಕೆಲಸ ಮಾಡುವವರು ಅಂತ ಪ್ರಶ್ನೆಯಲ್ಲೇ ಗೊತ್ತಾಗುತ್ತಿತ್ತು.

ಅಚ್ಚಾದ ಮೇಲೆ ಪಿಡಿಎಫ್ ಲಿಂಕನ್ನು ನಮ್ಮ ಜಿಲ್ಲೆಯ ಡಾಕ್ಟರುಗಳ ವಾಟ್ಸಾಪ್ ಗುಂಪಿಗೆ ಹಾಕಿದೆ. ಒತ್ತಿದರೆ ತೆರೆಯುತ್ತದೆ, ಲಾಗಿನ್ ಬೇಡ. 2025ರಿಂದ ಒಂದು ರಾಷ್ಟ್ರ ಒಂದು ಚಂದಾ ಯೋಜನೆ ಬಂದಿದೆಯಲ್ಲ, ದೊಡ್ಡ ಜರ್ನಲ್ ಎಲ್ಲ ಓದಬಹುದಲ್ಲ ಅಂತ ಕೇಳಬಹುದು. ಅದು ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳಿಗೆ. ಹಳ್ಳಿಯಲ್ಲಿ ಕ್ಲಿನಿಕ್ ಇಟ್ಟುಕೊಂಡವರಿಗೆ ಅಲ್ಲ.

ಹಾಗಂತ ಡಾಲರ್ ಜರ್ನಲ್ ಯಾವತ್ತೂ ಬೇಡ ಅನ್ನುವುದಿಲ್ಲ. ಸಿದ್ದಾಪುರದ ಮಂಗನ ಕಾಯಿಲೆ ಬಗ್ಗೆ ದೊಡ್ಡ ಲ್ಯಾಬಿನ ಜೊತೆ ಸೇರಿ ವೈರಸ್ಸಿನ ಜೀನೋಮ್ ಕೆಲಸ ಮಾಡಿದ್ದೀರಿ, ಶುಲ್ಕ ಲ್ಯಾಬಿನವರ ಗ್ರಾಂಟಿನಿಂದ ಹೋಗುತ್ತದೆ ಅಂತಾದರೆ ಅಲ್ಲಿಗೇ ಕಳಿಸಿ. ಹೊರದೇಶದ ವೈರಸ್ ತಜ್ಞರು ಓದಬೇಕಾದದ್ದು ಅದು. ಬಡ್ತಿಯ ಕೊನೇ ದಿನಾಂಕ ತಲೆ ಮೇಲೆ ಕೂತಿದ್ದರೆ ಸಂಘದ ಜರ್ನಲ್ ನಿಮಗೆ ಹಿಡಿಸುವುದಿಲ್ಲ, ಅದೂ ನಿಜ. ನನಗೆ ಅವಸರ ಇಲ್ಲ, ಗ್ರಾಂಟೂ ಇಲ್ಲ, ಬರೆಯುವುದೆಲ್ಲ ಇಲ್ಲಿನ ಹಾವು, ಇಲಿಜ್ವರ ಇಂಥವೇ. ಹಾಗಾಗಿ ಮುಂದಿನದ್ದೂ ಅಲ್ಲಿಗೇ.

ಎಲ್ಲಿಗೇ ಕಳಿಸಿ, ಎರಡು ಕೆಲಸ ಮೊದಲೇ ಮುಗಿಸಿಕೊಳ್ಳಿ. ಎಲ್ಲ ಲೇಖಕರನ್ನೂ ಕೇಳಿ ಪ್ರತಿಯೊಬ್ಬರ ಹೆಸರು ಹೇಗೆ ಅಚ್ಚಾಗಬೇಕು ಅಂತ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ, ಆರ್ಕಿಡ್‌ನಲ್ಲೂ ಅಕ್ಷರಶಃ ಹಾಗೇ ತಿದ್ದಿಸಿ. ಆಮೇಲೆ ಸಂಪಾದಕರಿಗೆ ನಾಲ್ಕು ಸಾಲಿನ ಮೇಲ್ ಹಾಕಿ, ಕೇಸ್ ಸೀರೀಸ್ ತಗೊಳ್ಳುತ್ತೀರಾ, ಈ ವಿಷಯ ನಿಮಗೆ ಹೊಂದುತ್ತದಾ ಅಂತ. ಬೇಡ ಅನ್ನುವವರು ಅಲ್ಲೇ ಬೇಡ ಅನ್ನುತ್ತಾರೆ. ಜೊಯಿಡಾದಿಂದ ಯಾರೂ ಕಂಪ್ಯೂಟರ್ ಹುಡುಕಿಕೊಂಡು ದಾಂಡೇಲಿಗೆ ಬರಬೇಕಾಗುವುದಿಲ್ಲ.