ಸೀಲು ಬಿದ್ದಿದೆ, ಆಯಿಲ್ ಬದಲಾಗಿಲ್ಲ: ಫ್ಲಶ್ ಮಾಡಿಸಬೇಕೋ, ಕಂತಿನಲ್ಲಿ ಬದಲಿಸಬೇಕೋ?

ಸೆಕೆಂಡ್ ಹ್ಯಾಂಡ್ ಕಾರಿನ ಸರ್ವಿಸ್ ಪುಸ್ತಕದಲ್ಲಿ ಪ್ರತಿ 10,000 ಕಿ.ಮೀ.ಗೊಂದು ಡೀಲರ್ ಸೀಲು ಕಂಡರೆ ಕೊಳ್ಳುವವರಿಗೆ ಅರ್ಧ ಚಿಂತೆ ಇಳಿಯುತ್ತದೆ. ಇಳಿಯಬಾರದು. ಆ ದಿನ ಗಾಡಿ ಶೋರೂಮಿನ ಗೇಟು ದಾಟಿತ್ತು ಎನ್ನುವುದಕ್ಕಷ್ಟೇ ಸೀಲು ಸಾಕ್ಷಿ. ಒಳಗೆ ಏನಾಯಿತು ಎಂದು ತಿಳಿಯಲು ಬಿಲ್ಲುಗಳೇ ಬೇಕು. ಅದೇ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ನೋಂದಣಿ ಸಂಖ್ಯೆ ಅಥವಾ ಚಾಸಿ ಸಂಖ್ಯೆ ಕೊಟ್ಟು ಹಳೆಯ ಜಾಬ್ ಕಾರ್ಡುಗಳನ್ನು ತೆಗೆಸಿ. ಪಾರ್ಟ್ ನಂಬರ್ ಎಲ್ಲಿದೆ, ಎಷ್ಟು ಲೀಟರ್ ಬಿದ್ದಿದೆ, ಅದನ್ನು ನೋಡಿ. ಎಂಜಿನ್ ಡ್ರೆಸ್ಸಿಂಗ್, ಒಳಾಂಗಣ ಕ್ಲೀನಿಂಗ್, ಎಸಿ ಸ್ಪ್ರೇ ಪ್ರತಿ ಬಿಲ್ಲಿನಲ್ಲೂ ತಪ್ಪದೆ ಇರುತ್ತವೆ. ಐದಾರು ವರ್ಷದ ಕಡತದಲ್ಲಿ ಬ್ರೇಕ್ ಫ್ಲೂಯಿಡ್, ಗೇರ್ ಆಯಿಲ್, ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಒಂದು ಸಲವೂ ಸಿಗದಿದ್ದರೆ ಅಚ್ಚರಿಪಡಬೇಡಿ. ಕಣ್ಣಿಗೆ ಬೀಳದ ಕೆಲಸವೇ ಮೊದಲು ಬಿಟ್ಟುಹೋಗುವುದು.

ಗಾಡಿಯೇ ಹೇಳುವ ಸಾಕ್ಷಿಯೂ ಇದೆ. ಏರ್ ಫಿಲ್ಟರ್, ಕ್ಯಾಬಿನ್ ಫಿಲ್ಟರ್‌ಗಳ ಅಂಚಿನಲ್ಲಿ ಸಾಮಾನ್ಯವಾಗಿ ತಯಾರಿಕೆಯ ತಿಂಗಳು ಅಚ್ಚಾಗಿರುತ್ತದೆ. ಗೇರ್‌ಬಾಕ್ಸಿನ ಡ್ರೇನ್ ಬೋಲ್ಟಿನ ಮೇಲೆ ಫ್ಯಾಕ್ಟರಿಯ ಬಣ್ಣದ ಗುರುತು ಒಡೆಯದೆ ಕೂತಿದ್ದರೆ ಆ ಬೋಲ್ಟಿಗೆ ಯಾರೂ ಸ್ಪ್ಯಾನರ್ ಹಾಕಿಲ್ಲ. ಪೆಟ್ರೋಲ್ ಗಾಡಿಯಲ್ಲಿ ಆಯಿಲ್ ತುಂಬುವ ಮುಚ್ಚಳದ ಒಳಬದಿ ಕಂದು ವಾರ್ನಿಶ್ ಬಳಿದಂತಿದ್ದರೆ ಬದಲಾವಣೆ ತಪ್ಪಿದೆ. ಕಪ್ಪು ಗಸಿ ಕೈಗೆ ಅಂಟಿದರೆ ಬಹಳ ಸಲ ತಪ್ಪಿದೆ. ಡೀಸೆಲ್‌ನಲ್ಲಿ ಆಯಿಲಿನ ಬಣ್ಣ ನೋಡಿ ತೀರ್ಮಾನಿಸಬೇಡಿ. ಹೊಸ ಆಯಿಲ್ ಹಾಕಿದ ಕೆಲವೇ ದಿನಗಳಲ್ಲಿ ಅದು ಮಸಿಯಾಗುವುದು ಸಹಜ.

ನಿರ್ಲಕ್ಷ್ಯ ಖಾತ್ರಿಯಾದ ಮೇಲೆ ಮುಂದೆ ಎರಡು ದಾರಿ ಕಾಣುತ್ತವೆ. ಒಂದು, ಯಂತ್ರ ಇಲ್ಲವೇ ರಾಸಾಯನಿಕ ಹಾಕಿ ಒಂದೇ ದಿನದಲ್ಲಿ ಎಲ್ಲ ತೊಳೆದುಬಿಡುವ ಫ್ಲಶ್. ಇನ್ನೊಂದು, ಇಷ್ಟಿಷ್ಟೇ ಇಳಿಸಿ, ಓಡಿಸಿ, ಮತ್ತೆ ಇಳಿಸುವ ಕಂತಿನ ಬದಲಾವಣೆ. ಎರಡನ್ನೂ ಬೇರೆ ಬೇರೆ ಗಾಡಿಗಳ ಮೇಲೆ ಮಾಡಿ ನೋಡಿದವರ ಲೆಕ್ಕ ಇದು. ಮೂರು ಕಡೆ ಕಂತು ಗೆಲ್ಲುತ್ತದೆ, ಒಂದು ಕಡೆ ಯಂತ್ರ.

ಎಂಜಿನ್ ಆಯಿಲ್

ಫ್ಲಶ್ ಡಬ್ಬಿಯ ವಿಧಾನ ಸರಳ. ಬಿಸಿ ಎಂಜಿನ್ನಿನ ಹಳೆ ಆಯಿಲಿಗೆ ಅದನ್ನು ಸುರಿದು, ಐಡಲ್‌ನಲ್ಲೇ, ಅಂದರೆ ಗಾಡಿ ನಿಂತಲ್ಲೇ ಎಂಜಿನ್ ಓಡುವಂತೆ, 10 ನಿಮಿಷ ಬಿಟ್ಟು, ಇಳಿಸಿ, ಫಿಲ್ಟರ್ ಬದಲಿಸುವುದು. ಹೊತ್ತಿಗೆ ಸರಿಯಾಗಿ ಸರ್ವಿಸ್ ಆದ ಗಾಡಿಯಲ್ಲಿ ಇದರಿಂದ ಹಾನಿಯೂ ಇಲ್ಲ, ಹೇಳಿಕೊಳ್ಳುವ ಲಾಭವೂ ಇಲ್ಲ. ಗಸಿ ಕಟ್ಟಿದ ಎಂಜಿನ್ನಿನಲ್ಲಿ ಕಥೆ ಬೇರೆ. ಹೆಡ್ಡಿನ ಮೇಲೆ, ಚೈನ್ ಕವರಿನ ಒಳಗೆ ಅಂಟಿಕೊಂಡಿದ್ದ ಹೆಪ್ಪು ಪೂರ್ತಿ ಕರಗುವುದಿಲ್ಲ, ಚಕ್ಕೆಯಾಗಿ ಕಳಚುತ್ತದೆ. ಚಕ್ಕೆಗಳು ಸೇರುವ ಜಾಗ ಸಂಪಿನ, ಅಂದರೆ ಎಂಜಿನ್ನಿನ ಕೆಳಗಿನ ಆಯಿಲ್ ತಟ್ಟೆಯ, ತಳ. ಅಲ್ಲಿಂದ ಆಯಿಲ್ ಪಂಪಿನ ಸ್ಟ್ರೈನರ್ ಜಾಲರಿ ಅವನ್ನು ಎಳೆದುಕೊಂಡು ಮುಚ್ಚಿಹೋಗುತ್ತದೆ. ಫ್ಲಶ್ ಆದ ಕೆಲವು ನೂರು ಕಿಲೋಮೀಟರಿನಲ್ಲಿ ಬಿಸಿ ಐಡಲ್‌ನಲ್ಲಿ ಆಯಿಲ್ ದೀಪ ಮಿನುಗಿದರೆ ಕಾರಣ ಸಾಮಾನ್ಯವಾಗಿ ಇದೇ. ಆ ದೀಪ ಹತ್ತುವುದು ಒತ್ತಡ ತೀರಾ ಕುಸಿದ ಮೇಲೆ, ಬಹುತೇಕ ಗಾಡಿಗಳಲ್ಲಿ ಅರ್ಧ ಬಾರ್‌ಗೂ ಕೆಳಗೆ. ದೀಪ ಕಂಡ ಮೇಲೆ ‘ಮನೆ ಮುಟ್ಟಿಸೋಣ’ ಎನ್ನದೆ ಎಂಜಿನ್ ಆಫ್ ಮಾಡಿ.

ಹಳೆ ಮೆಕ್ಯಾನಿಕ್ಕುಗಳ ಉಪಾಯ ಇನ್ನೊಂದಿದೆ: ಅರ್ಧ ಲೀಟರ್ ಡೀಸೆಲ್ ಬೆರೆಸಿ ಓಡಿಸುವುದು. ಅಗ್ಗ, ಅಪಾಯಕಾರಿ. ಆಯಿಲ್ ತೆಳ್ಳಗಾಗಿ ಬೇರಿಂಗಿನ ಮೇಲಿನ ಎಣ್ಣೆಯ ಪದರ ಒಡೆಯುತ್ತದೆ. ಟರ್ಬೊ ಇರುವ ಗಾಡಿಯಲ್ಲಂತೂ ಬೇಡವೇ ಬೇಡ.

ಕಂತಿನ ಕ್ರಮ ಹೀಗೆ. ಎಂಜಿನ್ ಬಿಸಿ ಇರುವಾಗ ಇಳಿಸಿ, 20 ನಿಮಿಷ ತೊಟ್ಟಿಕ್ಕಲು ಬಿಡಿ. ಮ್ಯಾನ್ಯುಯಲ್ ಹೇಳಿದ ದರ್ಜೆಯದೇ, ಆದರೆ ದುಬಾರಿಯಲ್ಲದ ಆಯಿಲ್ ಹಾಕಿ. ಫಿಲ್ಟರ್ ಮಾತ್ರ ಅಸಲಿ ಇರಲಿ. 1,000 ಕಿ.ಮೀ. ಆದ ಮೇಲೆ ಮತ್ತೆ ಆಯಿಲ್, ಫಿಲ್ಟರ್ ಎರಡೂ. ಆಮೇಲೆ 2,500ಕ್ಕೆ ಇನ್ನೊಮ್ಮೆ. ಅಲ್ಲಿಂದ 5,000, ಕೊನೆಗೆ ಮ್ಯಾನ್ಯುಯಲ್ಲಿನ ಅವಧಿ. ಹೊಸ ಆಯಿಲಿನಲ್ಲೇ ಇರುವ ಡಿಟರ್ಜೆಂಟ್ ಗಸಿಯನ್ನು ನಿಧಾನಕ್ಕೆ ಕರಗಿಸಿ ತೇಲಿಸುತ್ತದೆ, ಫಿಲ್ಟರ್ ಹಿಡಿದುಕೊಳ್ಳುತ್ತದೆ. ಮಾರುತಿಯ 1.2 ಪೆಟ್ರೋಲ್ ಆಗಲಿ 1.3 ಡೀಸೆಲ್ ಆಗಲಿ, ಒಂದು ಸಲಕ್ಕೆ ಬೇಕಾಗುವುದು 3 ಲೀಟರಿನ ಆಸುಪಾಸು. ಮೂರು ಕಂತಿನ ಖರ್ಚು ಒಂದು ಫ್ಲಶ್ ಮತ್ತು ಒಂದು ದುಬಾರಿ ಸಿಂಥೆಟಿಕ್ ಆಯಿಲಿಗಿಂತ ಬಹಳ ಹೆಚ್ಚಾಗುವುದಿಲ್ಲ. ಪ್ರತಿ ಸಲ ಹಳೆ ಫಿಲ್ಟರನ್ನು ಕತ್ತರಿಸಿ ಮಡಿಕೆಗಳನ್ನು ಬಿಡಿಸಿ ನೋಡಿ. ಗರಗಸ ಬೇಡ, ಅದರ ಪುಡಿಯೇ ಒಳಗೆ ಬಿದ್ದು ದಾರಿ ತಪ್ಪಿಸುತ್ತದೆ. ಡಬ್ಬಿ ಕೊಯ್ಯುವ ಕಟರ್ ಇರಲಿ. ಕಪ್ಪು ಹರಳು ಕಂತಿನಿಂದ ಕಂತಿಗೆ ಕಡಿಮೆಯಾಗಬೇಕು. ಹೊಳೆಯುವ ಲೋಹದ ಚಕ್ಕೆ ಕಂಡರೆ ಆಯಿಲಿನ ಚರ್ಚೆ ಅಲ್ಲಿಗೆ ಮುಗಿಯಿತು, ಬೇರಿಂಗ್ ನೋಡಿಸಬೇಕು.

ಗಸಿ ಮಿತಿಮೀರಿದ್ದರೆ ಎರಡೂ ಬೇಡ, ಸಂಪ್ ಇಳಿಸಿ ಸ್ಟ್ರೈನರ್ ಕೈಯಲ್ಲೇ ತೊಳೆಯಿರಿ. ಬಹಳಷ್ಟು ಎಂಜಿನ್ನುಗಳ ಸಂಪಿಗೆ ಗ್ಯಾಸ್ಕೆಟ್ ಇರುವುದಿಲ್ಲ, ಸಿಲಿಕೋನ್ ಸೀಲಂಟ್ ಎಳೆಯುತ್ತಾರೆ. ಕೆಲಸ ಕೆಡುವುದು ಇಲ್ಲೇ. ಹಳೆ ಸೀಲಂಟ್ ಪೂರ್ತಿ ಕೆರೆದು, ಎಣ್ಣೆ ಪಸೆ ಇಲ್ಲದಂತೆ ಒರೆಸಿ, ಸುಮಾರು 3 ಮಿ.ಮೀ. ದಪ್ಪದ ಒಂದೇ ಗೆರೆ ಸಾಕು. ಧಾರಾಳವಾಗಿ ಮೆತ್ತಿದರೆ ಒಳಗೆ ಉಬ್ಬಿದ ಭಾಗ ಹರಿದು ಅದೇ ಜಾಲರಿಗೆ ಹೋಗಿ ಕೂರುತ್ತದೆ. ಟ್ಯೂಬಿನ ಮೇಲೆ ಬರೆದಷ್ಟು ಗಂಟೆ ಒಣಗದೆ ಆಯಿಲ್ ಹಾಕಬೇಡಿ.

1.3 ಡೀಸೆಲ್ ಎಂದರೆ ಫಿಯಟ್ಟಿನ ಮಲ್ಟಿಜೆಟ್. ಸ್ವಿಫ್ಟ್, ಡಿಜೈರ್, ರಿಟ್ಜ್, ಲೀನಿಯಾ, ಪುಂಟೊ, ಟಾಟಾದ ವಿಸ್ಟಾ, ಮಾಂಜಾ ಎಲ್ಲದರಲ್ಲೂ ಇದ್ದದ್ದು ಇದೇ. ಮಾರುತಿ 2020ರ ಏಪ್ರಿಲ್‌ನಲ್ಲಿ ಡೀಸೆಲ್ಲನ್ನೇ ಕೈಬಿಟ್ಟಿತು. ಎಂಜಿನ್ನಿನ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ಆಡಿಸಲು ಇದಕ್ಕೆ ಬೆಲ್ಟ್ ಇಲ್ಲ, ಟೈಮಿಂಗ್ ಚೈನ್ ಇದೆ. ‘ಚೈನ್ ಅಲ್ವಾ, ಬದಲಿಸೋದೇ ಬೇಡ’ ಎನ್ನುವ ಮಾತು ಆಯಿಲ್ ಬದಲಾದ ಗಾಡಿಗೆ ಮಾತ್ರ. ಚೈನ್ ಬಿಗಿ ಹಿಡಿಯುವ ಟೆನ್ಶನರ್ ಆಯಿಲ್ ಒತ್ತಡವನ್ನೇ ನಂಬಿದೆ. ಬೆಳಗಿನ ಮೊದಲ ಸ್ಟಾರ್ಟಿಗೆ ಚೈನ್ ಬದಿಯಿಂದ ಒಂದೆರಡು ಸೆಕೆಂಡ್ ಗಲಗಲ ಸದ್ದು ಬಂದರೆ ಫ್ಲಶ್, ಕಂತು ಯಾವುದೂ ಅದನ್ನು ಸರಿಮಾಡದು. ಚೈನ್, ಟೆನ್ಶನರ್, ಗೈಡುಗಳ ಪೂರ್ತಿ ಕಿಟ್ ಹಾಕಬೇಕು.

ಕೂಲೆಂಟ್

ಯಂತ್ರದ ಫ್ಲಶ್ ಒತ್ತಡದಲ್ಲಿ ನೀರು ತಳ್ಳುತ್ತದೆ. ಹತ್ತು ವರ್ಷದ ರೇಡಿಯೇಟರಿನ ಎರಡು ಬದಿಯ ಪ್ಲಾಸ್ಟಿಕ್ ಟ್ಯಾಂಕು ಅಷ್ಟೊತ್ತಿಗೆ ಗಡಸಾಗಿ, ಬಿರುಕು ಬಿಡಲು ನೆಪ ಕಾಯುತ್ತಿರುತ್ತದೆ. ಜೊತೆಗೆ ಕಳಚಿದ ತುಕ್ಕು ಮತ್ತು ಸುಣ್ಣದ ಹಕ್ಕಳೆ ಕ್ಯಾಬಿನ್ ಬಿಸಿಮಾಡುವ ಹೀಟರ್ ಕೋರಿನ ಸಣ್ಣ ಕೊಳವೆಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಬೆಂಗಳೂರಿನ ಬೋರ್‌ವೆಲ್ ನೀರಿನ ಗಡಸುತನ ಗೊತ್ತಿದ್ದವರಿಗೆ ಈ ಹಕ್ಕಳೆ ಎಲ್ಲಿಂದ ಬಂತು ಎಂದು ಹೇಳಬೇಕಿಲ್ಲ. ವರ್ಷಗಟ್ಟಲೆ ಕೂಲೆಂಟ್ ಬದಲು ನಲ್ಲಿ ನೀರೇ ಟಾಪ್ ಅಪ್ ಆಗಿರುತ್ತದೆ.

ಕಂತಿನಲ್ಲಾದರೆ, ತಣ್ಣಗಿರುವಾಗ ರೇಡಿಯೇಟರಿನ ಕೆಳಗಿನ ತಿರುಪು ಬಿಚ್ಚಿದರೆ ಅರ್ಧದ ಆಸುಪಾಸು ಮಾತ್ರ ಇಳಿಯುತ್ತದೆ. ಉಳಿದದ್ದು ಎಂಜಿನ್ ಬ್ಲಾಕಿನಲ್ಲಿ, ಹೀಟರಿನಲ್ಲಿ. ಡಿಸ್ಟಿಲ್ಡ್ ನೀರು ತುಂಬಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಫ್ಯಾನ್ ಎರಡು ಸಲ ಹೊಡೆದು ನಿಲ್ಲುವವರೆಗೆ ಓಡಿಸಿ, ತಣಿಸಿ, ಮತ್ತೆ ಇಳಿಸಿ. ಹೀಗೆ ಮೂರು ಸಲ ಮಾಡಿದರೆ ಹಳೆಯದು ಎಂಟರಲ್ಲಿ ಒಂದು ಪಾಲಿಗಿಳಿಯುತ್ತದೆ. ಕೊನೆಯ ತುಂಬಿನ ಲೆಕ್ಕ ಬಹಳ ಜನ ತಪ್ಪುತ್ತಾರೆ. ಒಳಗೆ ಉಳಿದ ಅರ್ಧ ಬರೀ ನೀರು. ಅದರ ಮೇಲೆ ರೆಡಿಮೇಡ್ 50:50 ಕೂಲೆಂಟ್ ಹಾಕಿದರೆ ಕೊನೆಗೆ ಸಿಗುವುದು 25 ಶೇಕಡ. ಗಾಡಿಯ ಒಟ್ಟು ಸಾಮರ್ಥ್ಯ 5 ಲೀಟರ್ ಆದರೆ ಎರಡೂವರೆ ಲೀಟರ್ ಸಾಂದ್ರ ಕೂಲೆಂಟ್ ಮೊದಲು ಹೋಗಬೇಕು, ಆಮೇಲೆ ಜಾಗವಿದ್ದಷ್ಟು ಡಿಸ್ಟಿಲ್ಡ್ ನೀರು. ಹಸಿರು, ಕೆಂಪು, ನೀಲಿ ಬಣ್ಣ ಹೊಂದಿಸುವ ಆಟ ಬೇಡ, ಬಣ್ಣಕ್ಕೂ ರಾಸಾಯನಿಕಕ್ಕೂ ನಂಟಿಲ್ಲ. ಮ್ಯಾನ್ಯುಯಲ್ ಹೇಳಿದ ಬಗೆಯೇ ಇರಲಿ.

ಇದೇ ನೆಪದಲ್ಲಿ ಓಬಿಡಿ ಡಾಂಗಲ್ (ಗಾಡಿಯ ಕಂಪ್ಯೂಟರಿನ ಅಂಕಿಗಳನ್ನು ಓದುವ ಸಾಧನ) ಸಿಕ್ಕಿಸಿ ಹೆದ್ದಾರಿಯಲ್ಲಿ ಕೂಲೆಂಟಿನ ತಾಪಮಾನ ನೋಡಿ. ಅದು 85 ಡಿಗ್ರಿಯ ಸುತ್ತ ನಿಲ್ಲದೆ 65–70ಕ್ಕೆ ಜಾರಿದರೆ ಬಿಸಿಗೆ ತಕ್ಕಂತೆ ಕೂಲೆಂಟಿನ ದಾರಿ ತೆರೆದು ಮುಚ್ಚುವ ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡಿದೆ, ಇಲ್ಲವೇ ‘ಹೀಟಾಗ್ತಿತ್ತು’ ಎಂದು ಯಾರೋ ಕಿತ್ತೇ ಎಸೆದಿದ್ದಾರೆ. ಎರಡನೆಯದು ನಮ್ಮಲ್ಲಿ ಅಪರೂಪವಲ್ಲ. ಎಂಜಿನ್ ಸದಾ ತಣ್ಣಗಿದ್ದು ಇಂಧನ ಹೆಚ್ಚು ಕುಡಿಯುತ್ತದೆ, ಆಯಿಲಿನಲ್ಲಿ ಗಸಿಯೂ ಬೇಗ ಕಟ್ಟುತ್ತದೆ.

ಬ್ರೇಕ್ ಫ್ಲೂಯಿಡ್

ಇಲ್ಲಿ ಯಂತ್ರವೇ ಮೇಲು. ಹಳೆ ಪದ್ಧತಿಯಲ್ಲಿ ಒಬ್ಬರು ಪೆಡಲ್ ತುಳಿಯುತ್ತಾರೆ, ಇನ್ನೊಬ್ಬರು ಚಕ್ರದ ಬಳಿ ಫ್ಲೂಯಿಡ್ ಹೊರಬಿಡುವ ನಿಪ್ಪಲ್ ಬಿಚ್ಚುತ್ತಾರೆ. ನಿಪ್ಪಲ್ ತೆರೆದಾಗ ಪೆಡಲ್ ನೆಲಕ್ಕೆ ಹೋಗುತ್ತದೆ. ದಿನನಿತ್ಯದ ಓಡಾಟದಲ್ಲಿ ಮಾಸ್ಟರ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಫ್ಲೂಯಿಡ್ ತಳ್ಳುವ ಭಾಗ) ರಬ್ಬರ್ ಸೀಲು ಮುಟ್ಟದ ಕೊನೆಯ ಭಾಗದಲ್ಲಿ, ವರ್ಷಗಟ್ಟಲೆ ನೀರು ಹೀರಿದ ಫ್ಲೂಯಿಡ್‌ನಿಂದ ತುಕ್ಕು ಕೂತಿರುತ್ತದೆ. ಸೀಲು ಅಲ್ಲಿಗೆ ಉಜ್ಜಿದರೆ ಹರಿಯುತ್ತದೆ. ಕೆಲಸ ಮುಗಿದ ವಾರದಲ್ಲೇ ಪೆಡಲ್ ನಿಧಾನಕ್ಕೆ ಕುಸಿಯತೊಡಗುತ್ತದೆ. ವ್ಯಾಕ್ಯೂಮ್ ಅಥವಾ ಪ್ರೆಶರ್ ಬ್ಲೀಡರ್ ಪೆಡಲನ್ನು ಮುಟ್ಟುವುದೇ ಇಲ್ಲ. ಯಂತ್ರ ಸಿಗದಿದ್ದರೆ ಪೆಡಲಿನ ಕೆಳಗೆ ಮರದ ತುಂಡಿಟ್ಟು ಅರ್ಧ ದೂರಕ್ಕೇ ತಡೆಯಿರಿ.

ಮೊದಲು ಬಾನೆಟ್ಟಿನ ಕೆಳಗಿನ ಫ್ಲೂಯಿಡ್ ಡಬ್ಬಿಯಲ್ಲಿರುವ ಹಳೆಯದನ್ನು ಸಿರಿಂಜಿನಿಂದ ಎಳೆದು ಹೊಸದು ತುಂಬಿ. ಗಲೀಜನ್ನು ಪೈಪಿನುದ್ದಕ್ಕೂ ತಳ್ಳುವುದೇಕೆ? ಒಟ್ಟು 1 ಲೀಟರ್ ಸಾಕು, ಸೀಲು ಒಡೆಯದ ಹೊಸ ಡಬ್ಬಿಯೇ ಬೇಕು. ಚಕ್ರಗಳ ಅನುಕ್ರಮ ಗಾಡಿಗೊಂದು ಬಗೆ, ಮ್ಯಾನ್ಯುಯಲ್ ನೋಡಿ. ಡಾಟ್ 4 ದರ್ಜೆಯ ಬ್ರೇಕ್ ಫ್ಲೂಯಿಡ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು; 3.7 ಶೇಕಡ ನೀರು ಸೇರಿದಾಗ ಆ ಮಿತಿ 155ಕ್ಕಿಳಿಯುತ್ತದೆ. ಚಾರ್ಮಾಡಿಯನ್ನೋ ಆಗುಂಬೆಯನ್ನೋ ಬ್ರೇಕ್ ಒತ್ತಿಕೊಂಡೇ ಇಳಿಯುವವರಿಗೆ ಈ ಎರಡು ಅಂಕಿಗಳ ಅಂತರ ಪೆಡಲಿನಲ್ಲೇ ಗೊತ್ತಾಗುತ್ತದೆ. ಕರಾವಳಿಯ ಗಾಡಿಯಾದರೆ ಎರಡು ವರ್ಷದ ಗಡುವು ಮೀರಲೇಬೇಡಿ.

ಆಟೊಮ್ಯಾಟಿಕ್ ಗೇರ್‌ಬಾಕ್ಸ್

‘ಫ್ಲಶ್ ಮಾಡಿಸಿದ ಮೇಲೆ ಗೇರ್‌ಬಾಕ್ಸ್ ಹೋಯಿತು’ ಎನ್ನುವ ಮಾತು ಅರ್ಧ ನಿಜ. ಬಹುಮಟ್ಟಿಗೆ ಅವು ಆಗಲೇ ಜಾರುತ್ತಿದ್ದು, ಕೊನೆಯ ಆಸೆಗೆ ಫ್ಲಶ್‌ಗೆ ಬಂದವು. ಮೊದಲು ಪರೀಕ್ಷಿಸಿ: ತಣ್ಣನೆ ಗಾಡಿಯಲ್ಲಿ ಪಿ (ಪಾರ್ಕ್) ಇಂದ ಆರ್‌ಗೆ (ರಿವರ್ಸ್) ಹಾಕಿದಾಗ ಎರಡು ಸೆಕೆಂಡಿಗಿಂತ ತಡವಾಗಿ ಹಿಡಿದರೆ, ಎಣ್ಣೆ ಸುಟ್ಟ ವಾಸನೆ ಹೊಡೆದರೆ, ಎರಡೂ ವಿಧಾನ ಬಿಟ್ಟು ಒಳಭಾಗ ನೋಡಿಸಿ.

ಚೆನ್ನಾಗಿರುವ ಪೆಟ್ಟಿಗೆಯಲ್ಲಿ ಫ್ಲಶ್ ಯಂತ್ರದ ನಿಜವಾದ ತೊಂದರೆ ಬೇರೆ. ಅದರ ಪೈಪುಗಳಲ್ಲಿ ಹಿಂದಿನ ಗಾಡಿಯ ಎಣ್ಣೆ ಉಳಿದಿರುತ್ತದೆ. ಈಚಿನ ಹೋಂಡಾ ಸಿಟಿಯ ಸಿವಿಟಿಗೆ (ಗೇರಿನ ಬದಲು ಬೆಲ್ಟ್, ಪುಲ್ಲಿ ಇರುವ ಆಟೊಮ್ಯಾಟಿಕ್) ಹೋಂಡಾದ ಎಚ್‌ಸಿಎಫ್-2 ಎಣ್ಣೆ ಬಿಟ್ಟು ಬೇರೆಯದು ಹೋಗಬಾರದು. ಬೆಲ್ಟ್ ಮತ್ತು ಪುಲ್ಲಿಗಳ ಹಿಡಿತ ಆ ಎಣ್ಣೆಯ ಗುಣದ ಮೇಲೇ ನಿಂತಿದೆ. ಕಂತಿನಲ್ಲಿ ಒಮ್ಮೆಗೆ ಇಳಿಯುವುದು ಮೂರೂವರೆ ಲೀಟರಿನ ಹತ್ತಿರ. ಇಳಿದದ್ದನ್ನು ಅಳೆಯಿರಿ, ಅಷ್ಟೇ ತುಂಬಿ, ಮ್ಯಾನ್ಯುಯಲ್ ಹೇಳಿದ ತಾಪಮಾನದಲ್ಲಿ ಮಟ್ಟ ನೋಡಿ. ಕೆಲವು ನೂರು ಕಿ.ಮೀ. ಅಂತರದಲ್ಲಿ ಮೂರು ಸಲ. ಬೇಕಾಗುವ ಎಣ್ಣೆ ಫ್ಲಶ್‌ನಷ್ಟೇ, 10–11 ಲೀಟರ್.

ಯಾವ ಗೇರ್‌ಬಾಕ್ಸಿಗೂ ಒಂದು ನಿಯಮ: ಡ್ರೇನ್ ಬೋಲ್ಟಿಗೆ ಕೈ ಹಾಕುವ ಮೊದಲು ತುಂಬುವ ಬೋಲ್ಟ್ ಬಿಚ್ಚುತ್ತದೆಯೇ ನೋಡಿ. ವರ್ಷಗಟ್ಟಲೆ ಮುಟ್ಟದ ಬೋಲ್ಟ್ ತಲೆ ಸವೆದು ಕೂತರೆ, ಎಣ್ಣೆ ಇಲ್ಲದ ಪೆಟ್ಟಿಗೆಯೊಂದಿಗೆ ಗಾಡಿಯನ್ನು ಟೋ ಮಾಡಿಸಬೇಕಾಗುತ್ತದೆ. ಬೋಲ್ಟಿನ ಅಯಸ್ಕಾಂತಕ್ಕೆ ಬೂದು ಪೇಸ್ಟ್ ಅಂಟಿದ್ದರೆ ಸಹಜ. ಕೈಗೆ ಚುಚ್ಚುವ ತುಣುಕು ಸಹಜವಲ್ಲ.

ಕಂತೂ ಫ್ಲಶ್ಶೂ ಎರಡೂ ಅನ್ವಯಿಸದವು ಎರಡು, ಅವನ್ನು ಮೊದಲ ವಾರದಲ್ಲೇ ಮುಗಿಸಿ. ಡೀಸೆಲ್ ಫಿಲ್ಟರ್ ಒಂದು: ಅದರ ತಳದಲ್ಲಿ ನಿಂತ ನೀರು ಮುಂದೆ ಸಾಗಿದರೆ ಡೀಸೆಲನ್ನು ಭಾರಿ ಒತ್ತಡದಲ್ಲಿ ತಳ್ಳುವ ಕಾಮನ್ ರೈಲ್ ಪಂಪು, ಅದನ್ನು ಸಿಂಪಡಿಸುವ ಇಂಜೆಕ್ಟರು ಎರಡಕ್ಕೂ ಕುತ್ತು. ಇನ್ನೊಂದು ಟೈಮಿಂಗ್ ಬೆಲ್ಟ್: ರೆನೊ ಡಸ್ಟರ್, ನಿಸ್ಸಾನ್ ಟೆರಾನೊಗಳ 1.5 ಡಿಸಿಐ ಡೀಸೆಲ್ ಎಂಜಿನ್ನಿಗೆ ಇರುವುದು ಬೆಲ್ಟೇ. ಬಿಲ್ಲಿನಲ್ಲಿ ಅದರ ಪಾರ್ಟ್ ನಂಬರ್ ಇಲ್ಲವೆಂದರೆ ಬದಲಾಗಿಲ್ಲ ಎಂದೇ ಹಿಡಿಯಿರಿ. ಟೆನ್ಶನರ್, ಐಡ್ಲರ್, ವಾಟರ್ ಪಂಪ್ ಜೊತೆಗೇ ಹೋಗಲಿ. ಬೆಲ್ಟ್ ಒಂದನ್ನೇ ಹಾಕಿಸಿದರೆ ಆರು ತಿಂಗಳಿಗೆ ಪಂಪ್ ಸೋರಿ ಅದೇ ಕೂಲಿ ಮತ್ತೆ ಕೊಡಬೇಕಾಗಬಹುದು.

ಕಂತಿನ ಕೆಲಸಕ್ಕೆ ಅಧಿಕೃತ ಸೆಂಟರುಗಳು ಸುಲಭಕ್ಕೆ ಒಪ್ಪುವುದಿಲ್ಲ, ಅವರ ಮೆನುವಿನಲ್ಲಿ ಅದಿಲ್ಲ. ಅಲ್ಲಿಂದ ಹಳೆಯ ದಾಖಲೆ ತೆಗೆಸಿ, ಬಾಕಿ ರೀಕಾಲ್ (ತಯಾರಿಕೆಯ ದೋಷಕ್ಕೆ ಕಂಪನಿಯೇ ಕರೆದು ಮಾಡುವ ದುರಸ್ತಿ) ಇದ್ದರೆ ಮುಗಿಸಿಕೊಳ್ಳಿ. ಉಳಿದದ್ದು ಲಿಫ್ಟ್ ಇರುವ, ನಿಮ್ಮನ್ನು ಪಕ್ಕದಲ್ಲಿ ನಿಲ್ಲಲು ಬಿಡುವ ಗ್ಯಾರೇಜಿನಲ್ಲಿ ಆಗಲಿ. ಬಿಡಿಭಾಗ, ಎಣ್ಣೆ ನೀವೇ ತಂದುಕೊಡಿ. ಎಲ್ಲೇ ಆಗಲಿ, ಕೀಲಿ ಕೊಡುವ ಮೊದಲು ಜಾಬ್ ಕಾರ್ಡಿನ ಮೇಲೆ ‘ಹಳೆ ಪಾರ್ಟುಗಳನ್ನು ವಾಪಸ್ ಕೊಡುವುದು’ ಎಂದು ಬರೆಸಿ.