ಹೋಮ್ ನರ್ಸಿಂಗ್ ಏಜೆನ್ಸಿಯ 12 ಗಂಟೆ ಪಾಳಿ: ಹಗಲಿಗೆ ನಾಲ್ಕೂವರೆ, ರಾತ್ರಿಗೆ ಎರಡೂವರೆ

ಐದಕ್ಕೆ ಮೂರೂವರೆ ಅಂಕ. ಹಗಲು ಪಾಳಿ ನಾಲ್ಕೂವರೆ ಗಳಿಸಿತು, ರಾತ್ರಿ ಪಾಳಿ ಎರಡೂವರೆಗೆ ನಿಂತಿತು, ಸರಾಸರಿ ಹೀಗೆ ಬಂತು. ಬೆಂಗಳೂರು ದಕ್ಷಿಣದ ಈ ಏಜೆನ್ಸಿಯ ಹೆಸರು ಹಾಕುತ್ತಿಲ್ಲ. ಇಲ್ಲಿ ಕಂಡ ಹುಳುಕು ಈ ವ್ಯವಹಾರದಲ್ಲಿ ಅಪರೂಪದ್ದೇನಲ್ಲ, ಹೆಸರು ಬದಲಾಯಿಸಿದರೆ ಇನ್ನೊಂದು ಕಡೆಯದ್ದೂ ಆದೀತು. ನರ್ಸಿಂಗ್ ಫಂಡಮೆಂಟಲ್ಸ್ ಪಾಠ ಮಾಡುವವರ ಕಣ್ಣಿಂದ ನೋಡಿ ಬರೆದ ವಿಮರ್ಶೆ ಇದು. ಹಾಗಾಗಿ ಸಮವಸ್ತ್ರ ಎಷ್ಟು ಬೆಳ್ಳಗಿತ್ತು, ಆ್ಯಪ್ ಎಷ್ಟು ಚೆಂದ ಎಂಬುದು ಇದರಲ್ಲಿ ಸಿಗುವುದಿಲ್ಲ.

ರೋಗಿ 71 ವರ್ಷದ ನಿವೃತ್ತ ಶಾಲಾ ಶಿಕ್ಷಕಿ. ಪಾರ್ಶ್ವವಾಯು ಹೊಡೆದು ಬಲಗೈ ಬಲಗಾಲಿಗೆ ಸ್ವಾಧೀನವಿಲ್ಲ. ಮಾತು ಹೋಗಿದೆ, ಆದರೆ ಹೇಳಿದ್ದೆಲ್ಲ ಅರ್ಥವಾಗುತ್ತದೆ. ಮೂಗಿನಿಂದ ಹೊಟ್ಟೆಗೆ ಆಹಾರ ಇಳಿಸುವ ರೈಲ್ಸ್ ಟ್ಯೂಬ್, ಮೂತ್ರಕ್ಕೆ ಕ್ಯಾಥೆಟರ್, ದಿನಕ್ಕೆರಡು ಸಲ ಇನ್ಸುಲಿನ್. ಎರಡು ವಾರ, ಬೆಳಿಗ್ಗೆ 8ರಿಂದ ರಾತ್ರಿ 8, ರಾತ್ರಿ 8ರಿಂದ ಬೆಳಿಗ್ಗೆ 8, ಎರಡು ಪಾಳಿ.

ಮೊದಲ ತಕರಾರು ಬಾಗಿಲಲ್ಲೇ. ಏಜೆನ್ಸಿಯವರ ಬಾಯಲ್ಲಿ ಎಲ್ಲರೂ ‘ಸಿಸ್ಟರ್’. ಮೈ ಒರೆಸಿ ಬಟ್ಟೆ ಬದಲಿಸುವ ಅಟೆಂಡರ್, ಎರಡು ವರ್ಷದ ಎಎನ್‌ಎಂ (ಸಹಾಯಕ ನರ್ಸ್-ಸೂಲಗಿತ್ತಿ) ಕೋರ್ಸ್ ಮಾಡಿದವರು, ಮೂರು ವರ್ಷದ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮಾಡಿದವರು, ನಾಲ್ಕು ವರ್ಷದ ಬಿ.ಎಸ್ಸಿ ನರ್ಸಿಂಗ್ ಓದಿದವರು, ಎಲ್ಲರಿಗೂ ಒಂದೇ ಹೆಸರು. ಟ್ಯೂಬ್, ಇನ್ಸುಲಿನ್, ಕ್ಯಾಥೆಟರ್ ಮೂರೂ ಇರುವ ರೋಗಿಗೆ ಬೇಕಾದವರು ಕೌನ್ಸಿಲ್‌ನಲ್ಲಿ ನೋಂದಾಯಿತ ನರ್ಸ್. ಹಗಲಿಗೆ ಬಂದವರ ಹತ್ತಿರ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಇತ್ತು, ಕೇಳುವ ಮೊದಲೇ ತೋರಿಸಿದರು. ರಾತ್ರಿಗೆ ಬಂದ ಹುಡುಗಿಯ ಬಳಿ ಇದ್ದದ್ದು ಆರು ತಿಂಗಳ ತರಬೇತಿಯ ಸರ್ಟಿಫಿಕೇಟ್. ಪಾಪ, ಅವಳದ್ದೇನೂ ತಪ್ಪಿಲ್ಲ, ಕಳಿಸಿದವರದ್ದು. ಜಗಳವಾಡಿದ ಮೇಲೆ ಮೂರನೇ ರಾತ್ರಿ ಎಎನ್‌ಎಂ ಒಬ್ಬರು ಬಂದರು. ಬುಕ್ ಮಾಡುವಾಗಲೇ ‘ನೋಂದಣಿ ಸಂಖ್ಯೆ, ಮಾನ್ಯತೆ ಯಾವತ್ತಿನವರೆಗೆ’ ಎಂದು ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಫೋನಿನಲ್ಲಿ ಹೇಳಿದ ಮಾತಿಗೆ ಆಮೇಲೆ ಅಪ್ಪ-ಅಮ್ಮ ಇರುವುದಿಲ್ಲ.

ಈಗ ಪಾಳಿ ಬದಲಾವಣೆ. ಅಂಕ ಸೋರಿಹೋದದ್ದು ಬಹುಪಾಲು ಇಲ್ಲೇ. ಬೆಳಿಗ್ಗೆ 8ಕ್ಕೆ ರಾತ್ರಿಯವರು ಚಪ್ಪಲಿ ಹಾಕಿಕೊಳ್ಳುತ್ತಾ ಹೇಳುತ್ತಿದ್ದುದು ಒಂದೇ ಮಾತು: “ಎಲ್ಲಾ ಓಕೆ ಸಿಸ್ಟರ್, ಚೆನ್ನಾಗಿ ಮಲಗಿದ್ರು.” ಅಮೆರಿಕದ ನೌಕಾಪಡೆಯ ಸಬ್‌ಮೆರೀನ್‌ಗಳಲ್ಲಿ ಹುಟ್ಟಿ ಆಸ್ಪತ್ರೆಗಳಿಗೆ ಬಂದ ಎಸ್‌ಬಾರ್ ಎಂಬ ಕ್ರಮವೊಂದಿದೆ. ಈಗ ಏನಾಗಿದೆ, ಹಿನ್ನೆಲೆ ಏನು, ನನಗೆ ಏನನಿಸುತ್ತಿದೆ, ನೀವು ಏನು ಮಾಡಬೇಕು ಎಂದು ನಾಲ್ಕೇ ಮೆಟ್ಟಿಲು. ಹಗಲಿನ ಸಿಸ್ಟರ್ ಸಂಜೆ ಹಾಸಿಗೆ ಪಕ್ಕದಲ್ಲೇ ನಿಂತು ಒಪ್ಪಿಸಿದ ರೀತಿ ಹೀಗಿತ್ತು: “ಮಧ್ಯಾಹ್ನ 2ರಿಂದ ಯೂರಿನ್ ಕಡಿಮೆ, ಈ ಆರು ಗಂಟೆಯಲ್ಲಿ 150 ಎಂಎಲ್ ಅಷ್ಟೇ. ನಿನ್ನೆ ಇದೇ ಹೊತ್ತಿಗೆ 400 ಇತ್ತು, ಬಣ್ಣ ಗಾಢವಾಗಿದೆ, ಜ್ವರ ಇಲ್ಲ. ಪೈಪ್ ಎಲ್ಲೂ ಮಡಚಿಲ್ಲ, ನೋಡಿದೀನಿ. ನೀರು ಸಾಲ್ತಿಲ್ಲ ಅನ್ಸುತ್ತೆ. ಡಾಕ್ಟ್ರಿಗೆ ಹೇಳಿದೀನಿ, ಪ್ರತಿ ಫೀಡ್ ಆದ್ಮೇಲೆ 50 ಎಂಎಲ್ ನೀರು ಜಾಸ್ತಿ ಕೊಡೋಕೆ ಹೇಳಿದಾರೆ. ಹತ್ತು ಗಂಟೆಗೆ ಬ್ಯಾಗ್ ನೋಡಿ, ಇನ್ನೂ 100 ಎಂಎಲ್ ಸೇರಿರದಿದ್ರೆ ಮತ್ತೆ ಫೋನ್ ಮಾಡಿ.” ಒಂದು ನಿಮಿಷವೂ ಹಿಡಿಯಲಿಲ್ಲ. ಮುಂದಿನವರು ಏನು ನೋಡಬೇಕು, ಎಷ್ಟಕ್ಕೆ ಗಾಬರಿಯಾಗಬೇಕು ಎರಡೂ ಅದರಲ್ಲಿದೆ.

ರಾತ್ರಿಯ ಪುಸ್ತಕವೋ, ಅದೊಂದು ಕಥೆ. 10 ಗಂಟೆಗೆ ಪಲ್ಸ್ 78, ಉಸಿರಾಟ 18, ಬಿಪಿ 120/80. 2 ಗಂಟೆಗೆ ಅದೇ. 6 ಗಂಟೆಗೂ ಅದೇ, ಅದೇ ಶಾಯಿ, ಒಂದೇ ಓಟದ ಅಕ್ಷರ. ಮನುಷ್ಯನ ಮೈ ಅಷ್ಟು ಶಿಸ್ತಿನದ್ದಲ್ಲ. ಚಾರ್ಟಿನಲ್ಲಿ ಮೊದಲು ಸುಳ್ಳಾಗುವ ಅಂಕಿ ಯಾವಾಗಲೂ ಉಸಿರಾಟದ್ದು. ಮನೆಯಲ್ಲಿ ಅದಕ್ಕೆ ಯಂತ್ರವಿರುವುದಿಲ್ಲ, ಪೂರ್ತಿ 60 ಸೆಕೆಂಡ್ ಎದೆ ನೋಡುತ್ತಾ ಕೂರಬೇಕು. ಆದರೆ ಕಾಯಿಲೆ ಬಿಗಡಾಯಿಸುವಾಗ ಬಿಪಿಗಿಂತ ಮುಂಚೆ ಏರುವುದು ಬಹಳ ಸಲ ಅದೇ. ಹಗಲಿನವರು ಮಣಿಕಟ್ಟು ಹಿಡಿದು ಪಲ್ಸ್ ಎಣಿಸಿ, ಕೈ ಬಿಡದೆ ಹಾಗೆಯೇ ಹಿಡಿದುಕೊಂಡು ಇನ್ನೊಂದು ನಿಮಿಷ ಉಸಿರು ಎಣಿಸುತ್ತಿದ್ದರು. ‘ಉಸಿರು ಎಣಿಸ್ತೀನಿ’ ಎಂದು ಹೇಳಿದರೆ ರೋಗಿಯ ಉಸಿರಿನ ಲಯವೇ ಬದಲಾಗುತ್ತದೆ. ಅವರ ಪುಸ್ತಕದಲ್ಲಿ 16, 20, 22, 19 ಎಂದೆಲ್ಲ ಇತ್ತು. ನಂಬಿಕೆ ಹುಟ್ಟಿಸುವುದು ಇಂಥ ಸೊಟ್ಟಪಟ್ಟ ಅಂಕಿಗಳೇ.

ಫೋನಿನಲ್ಲಿ ಡಾಕ್ಟರ್ ಹೇಳಿದ ಡೋಸನ್ನು ತಿರುಗಿ ಓದಿ ಹೇಳುವ ರೂಢಿಯೂ ಹಗಲಿನವರಿಗಿತ್ತು. ಇಂಗ್ಲಿಷಿನ ಫಿಫ್ಟೀನ್, ಫಿಫ್ಟಿ ಫೋನಿನಲ್ಲಿ ಒಂದೇ ಥರ ಕೇಳುತ್ತವೆ. ಅವರು “ಹದಿನೈದಾ ಸರ್, ಒಂದು ಐದು?” ಎನ್ನುತ್ತಿದ್ದರು. ಹದಿನೈದು, ಐವತ್ತು ಎಂದರೆ ಯಾರಿಗೂ ಗೊಂದಲವಿಲ್ಲ. ಕನ್ನಡದಿಂದ ಇಂಥ ಉಪಕಾರವೂ ಇದೆ.

ಏಜೆನ್ಸಿ ಕೊಟ್ಟ ಕಿಟ್ ಬಗ್ಗೆ ಒಂದು ಗಂಭೀರ ದೂರು. ಒಂದೇ ಜಿಪ್ ಚೀಲದಲ್ಲಿ ಕೆಂಪು ಮುಚ್ಚಳದ ಇನ್ಸುಲಿನ್ ಸಿರಿಂಜೂ ಇತ್ತು, ಕಿತ್ತಳೆ ಮುಚ್ಚಳದ್ದೂ ಇತ್ತು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಇನ್ಸುಲಿನ್ ಬಾಟಲಿ 40 ಯೂನಿಟ್‌ನದ್ದು, ಅಂದರೆ ಒಂದು ಎಂಎಲ್‌ನಲ್ಲಿ 40 ಯೂನಿಟ್, ಅದಕ್ಕೆ ಕೆಂಪು. ಇನ್ಸುಲಿನ್ ಪೆನ್‌ಗೆ ಹಾಕುವ ಕಾರ್ಟ್ರಿಜ್ 100ರದ್ದು. ಕಿತ್ತಳೆ ಸಿರಿಂಜ್ 100ರ ಅಳತೆಯದ್ದು. ಪೆನ್ ಕೈಕೊಟ್ಟಿತೆಂದು ಕಾರ್ಟ್ರಿಜ್‌ನಿಂದ ಕೆಂಪು ಸಿರಿಂಜಿಗೆ 12ರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು 30 ಯೂನಿಟ್. ಎರಡೂವರೆ ಪಟ್ಟು! ಮಾತು ಬಾರದ ರೋಗಿಗೆ ಶುಗರ್ ಇಳಿದರೆ ‘ತಲೆ ಸುತ್ತುತ್ತಿದೆ’ ಎಂದು ಹೇಳಲೂ ಆಗದು. ಉಲ್ಟಾ, 40ರ ಬಾಟಲಿಯಿಂದ ಕಿತ್ತಳೆಯಲ್ಲಿ 12ರ ಗೆರೆಗೆ ಎಳೆದರೆ ಐದು ಯೂನಿಟ್ಟೂ ಸಿಗುವುದಿಲ್ಲ, ಶುಗರ್ ಏಕೆ ಇಳಿಯುತ್ತಿಲ್ಲ ಎಂದು ಮನೆಯವರು ತಲೆ ಕೆರೆದುಕೊಳ್ಳುತ್ತಾರೆ. ಹಗಲಿನ ಸಿಸ್ಟರ್ ಮೊದಲ ದಿನವೇ ಕಿತ್ತಳೆಯವನ್ನು ಬೇರೆ ಮಾಡಿ ವಾಪಸ್ ಕಳಿಸಿದರು. ಬಾಟಲಿಯ ಮೇಲಿನ ‘40’ ಓದಿ, ಸಿರಿಂಜಿನ ಮೇಲಿನ ‘40’ ಓದಿ, ಎಳೆದ ಡೋಸನ್ನು ಮನೆಯವರಿಗೆ ತೋರಿಸಿ ಆಮೇಲೆ ಕೊಡುತ್ತಿದ್ದರು. ಅದಕ್ಕೂ ಮೊದಲು ಶುಗರ್ ಪರೀಕ್ಷೆ, ಫೀಡ್ ಸಿದ್ಧವಿದೆಯೇ ಎಂಬ ಖಾತ್ರಿ. ಶುಗರ್ 70ಕ್ಕಿಂತ ಕೆಳಗಿದ್ದರೆ ಇನ್ಸುಲಿನ್ ನಿಲ್ಲಿಸಿ, ಟ್ಯೂಬಿನಲ್ಲಿ ಗ್ಲೂಕೋಸ್ ನೀರು ಕೊಟ್ಟು, ಡಾಕ್ಟರಿಗೆ ಫೋನ್. ಇದನ್ನು ಗೋಡೆಗೆ ಬರೆದು ಅಂಟಿಸಿದ್ದರು.

ಟ್ಯೂಬ್ ಫೀಡಿಂಗ್‌ನಲ್ಲಿ ಎರಡು ಪಾಳಿಯ ಅಂತರ ಕಣ್ಣಿಗೆ ಹೊಡೆಯುವಂತಿತ್ತು. ತಲೆಭಾಗ 30ರಿಂದ 45 ಡಿಗ್ರಿ ಎತ್ತರ, ಫೀಡ್ ಮುಗಿದು ಮುಕ್ಕಾಲು ಗಂಟೆ ಹಾಗೆಯೇ. ಮೂಗಿನ ಹೊಳ್ಳೆಯ ಬಳಿ ಟ್ಯೂಬಿಗೆ ಹಾಕಿದ ಗುರುತು ಸರಿದಿದೆಯೇ ನೋಡಬೇಕು, ಸಿರಿಂಜಿನಿಂದ ಎಳೆದು ಹೊಟ್ಟೆಯ ದ್ರವ ಬರುತ್ತದೆಯೇ ನೋಡಬೇಕು. ಗಾಳಿ ಊದಿ ಸ್ಟೆತಸ್ಕೋಪಿನಲ್ಲಿ ಬುಳಕ್ ಎಂದು ಕೇಳಿಸಿಕೊಂಡರೆ ಸಾಕೆನ್ನುವ ಹಳೆಯ ಪದ್ಧತಿ ನೆಚ್ಚುವಂಥದ್ದಲ್ಲ, ಟ್ಯೂಬ್ ಶ್ವಾಸನಾಳದಲ್ಲಿದ್ದರೂ ಸದ್ದು ಕೇಳಬಹುದು. ಫೀಡ್ ಸಿರಿಂಜಿನ ಪ್ಲಂಜರ್ (ಒತ್ತುವ ಕಡ್ಡಿ) ತೆಗೆದು, ತನ್ನ ಭಾರಕ್ಕೆ ತಾನೇ ಇಳಿಯಲು ಬಿಡಬೇಕು. 200 ಎಂಎಲ್‌ಗೆ ಹದಿನೈದಿಪ್ಪತ್ತು ನಿಮಿಷ ಹಿಡಿದರೆ ಸರಿ. ರಾತ್ರಿಯವರು ಪ್ಲಂಜರ್ ಹಾಕಿ ಒತ್ತಿ ಮೂರೇ ನಿಮಿಷದಲ್ಲಿ ಮುಗಿಸಿದ್ದರು. ವಾಂತಿಯಾಗಿ ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾಕ್ಕೆ ದಾರಿ.

ಟ್ಯೂಬ್ ಕಟ್ಟಿಕೊಂಡದ್ದೂ ರಾತ್ರಿಯೇ. ರಾಗಿ ಗಂಜಿ ಬಿಸಿಯಿದ್ದಾಗ ತೆಳ್ಳಗೆ ಕಾಣುತ್ತದೆ, ಆರಿದ ಮೇಲೆ ಗಟ್ಟಿಯಾಗುತ್ತದೆ. ಉಗುರುಬೆಚ್ಚಗಾದ ಮೇಲೆ ಸೋಸಿ, ಹದ ನೋಡಿ ಹಾಕಬೇಕು, ಮುಂಚೆ 30 ಆಮೇಲೆ 30 ಎಂಎಲ್ ನೀರು ಬಿಡಬೇಕು. ಇನ್ನು ಮಾತ್ರೆ. ಎಲ್ಲವನ್ನೂ ಒಟ್ಟಿಗೆ ಕುಟ್ಟಿ ಕದಡುವುದು ಮಹಾ ತಪ್ಪು, ಒಂದೊಂದನ್ನೇ ನೀರಲ್ಲಿ ಕರಗಿಸಿ ನಡುವೆ ನೀರು ಬಿಡಬೇಕು. ಪ್ಯಾಂಟೊಪ್ರಜೋಲ್‌ನಂಥ, ಹೊರಪದರ ಇರುವ ಮಾತ್ರೆಯನ್ನು ಕುಟ್ಟಿದರೆ ಹೊಟ್ಟೆಯ ಆಮ್ಲವೇ ಅದನ್ನು ಹಾಳುಮಾಡುತ್ತದೆ. ಟ್ಯೂಬಿನಲ್ಲಿ ಕೊಡಬಹುದಾದ ಬದಲಿ ಯಾವುದೆಂದು ಡಾಕ್ಟರನ್ನು ಕೇಳಬೇಕು. ಇದು ಎರಡೂ ಪಾಳಿಯವರ ತಲೆಗೆ ಹೊಳೆದಿರಲಿಲ್ಲ. ಹಗಲಿನವರ ಅರ್ಧ ಅಂಕ ಹೋದದ್ದು ಇಲ್ಲಿ.

ಹೊರಳಿಸುವುದು ಸರಿಯಾಗಿಯೇ ನಡೆಯಿತು. ಎರಡು ಗಂಟೆಗೊಮ್ಮೆ ಮಗ್ಗಲು, ಎಳೆಯದೆ ಎತ್ತಿ ಸರಿಸುವುದು, ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ತೇಲುವಂತೆ ಬಿಡುವುದು. ಏರ್ ಬೆಡ್ ಇದೆಯೆಂದು ಇದನ್ನು ಕೈಬಿಡಲಿಲ್ಲ. ಒಂದು ದಿನ ಬೆನ್ನಿನ ಕೆಳಗೆ ಕೆಂಪು ಕಂಡಿತು, ಬೆರಳಿಂದ ಒತ್ತಿದರೂ ಬಿಳಚಲಿಲ್ಲ. ಮನೆಯವರು ಸ್ಪಿರಿಟ್, ಪೌಡರ್ ತಂದರು. ಸಿಸ್ಟರ್ ಉಜ್ಜಲು ಬಿಡಲಿಲ್ಲ. ಒಳಗೆ ಆಗಲೇ ನೊಂದ ಮಾಂಸವನ್ನು ತಿಕ್ಕಿದರೆ ಇನ್ನಷ್ಟು ಹಾಳು. ಆ ಮಗ್ಗಲಿಗೆ ಭಾರ ಬೀಳದಂತೆ ನೋಡಿಕೊಂಡರು, ಮಾಯಿತು.

ಮಾತಿನ ವಿಷಯ. ಮಾತು ಹೋದವರ ಜೊತೆ ಜನ ಕಿವುಡರ ಜೊತೆ ಆಡಿದಂತೆ ಕೂಗುತ್ತಾರೆ, ರಾತ್ರಿಯವರೂ ಕೂಗಿದರು. ಹಗಲಿನವರು ಮೊದಲ ದಿನ ಮನೆಯವರನ್ನು ಕೇಳಿದ ಪ್ರಶ್ನೆ: “ಇವರನ್ನ ಎಲ್ಲರೂ ಏನಂತ ಕರೀತಿದ್ರು?” ಅಂದಿನಿಂದ ‘ಅಜ್ಜಿ’ ಹೋಗಿ ‘ಟೀಚರ್’ ಆಯಿತು. “ಟೀಚರ್, ಎಡಕ್ಕೆ ಹೊರಳಿಸ್ತೀನಿ, ಬೆನ್ನಿಗೆ ತಣ್ಣಗಾಗುತ್ತೆ” ಎಂದು ಹೇಳಿಯೇ ಕೈ ಹಚ್ಚುವುದು. ಪ್ರಶ್ನೆ ಒಂದೇ, ಹೌದು ಅಥವಾ ಇಲ್ಲ ಎನ್ನುವಂಥದ್ದು, ಎಡಗೈಯಲ್ಲಿ ಒಂದು ಸಲ ಒತ್ತಿದರೆ ಹೌದು, ಎರಡು ಸಲ ಒತ್ತಿದರೆ ಇಲ್ಲ. ಕೇಳಿದ ಮೇಲೆ ಹತ್ತು ಸೆಕೆಂಡ್ ಸುಮ್ಮನಿರುವುದು, ಬಹಳ ಜನರಿಗೆ ಆಗದ ಕೆಲಸ ಅದೇ. ‘ನೋವಾ?’ ಎಂದಷ್ಟೇ ಕೇಳದೆ ಉರಿಯಾ, ಚುಚ್ಚಾ, ಸೆಳೆತಾನಾ, ಜೋಮಾ ಎಂದು ಬಿಡಿಸಿ ಕೇಳುತ್ತಿದ್ದರು. ಊರು ಬಿಟ್ಟು ಬಂದ, ಕನ್ನಡ ಹೊಸತಾಗಿ ಕಲಿಯುತ್ತಿರುವ ನರ್ಸ್‌ಗಳಿಗೆ ಇಂಥ ಇಪ್ಪತ್ತು ಪದಗಳ ಚೀಟಿ ಕೊಟ್ಟರೆ ಏಜೆನ್ಸಿಗೆ ಗಂಟೇನೂ ಕರಗುವುದಿಲ್ಲ. ‘ಸಂಕಟ’ ಎಂದರೆ ಒಬ್ಬರಿಗೆ ಹೊಟ್ಟೆ ತೊಳಸುವುದು, ಇನ್ನೊಬ್ಬರಿಗೆ ಎದೆಯ ಕಷ್ಟ. ಅದನ್ನು ಬಿಡಿಸಿ ಕೇಳಬೇಕೆಂದು ಗೊತ್ತಿರಬೇಕಲ್ಲ.

ಇದನ್ನು ಓದಿದ ಮೇಲೆ ಐದನೇ ರಾತ್ರಿಯ ಸಂಗತಿ ಎಷ್ಟು ಕೆಟ್ಟದ್ದೆಂದು ತಿಳಿಯುತ್ತದೆ. ಟೀಚರ್ ಟ್ಯೂಬ್ ಎಳೆದುಕೊಳ್ಳುತ್ತಿದ್ದಾರೆಂದು ಎಡಗೈಯನ್ನು ದುಪಟ್ಟಾದಿಂದ ಮಂಚದ ಕಂಬಿಗೆ ಕಟ್ಟಿದ್ದರು. ಮನೆಯವರನ್ನು ಕೇಳಿರಲಿಲ್ಲ, ಡಾಕ್ಟರಿಗೆ ಹೇಳಿರಲಿಲ್ಲ, ಪುಸ್ತಕದಲ್ಲಿ ಬರೆದಿರಲಿಲ್ಲ. ಆಡುವ ಕೈ ಅದೊಂದೇ, ಬಾಯಿಯೂ ಅದೇ. ಏಜೆನ್ಸಿ ಕಚೇರಿಯ ಉತ್ತರ: “ಎಲ್ಲಾ ಕಡೆ ಹಾಗೇ ಮಾಡ್ತಾರೆ ಮೇಡಂ.” ಕಟ್ಟುವುದು ಕೊನೆಯ ಉಪಾಯ. ಡಾಕ್ಟರ ಲಿಖಿತ ಸೂಚನೆ, ಮನೆಯವರ ಒಪ್ಪಿಗೆ, ಎಷ್ಟು ಹೊತ್ತು ಎಂಬ ಮಿತಿ, ನಡುನಡುವೆ ಬಿಚ್ಚಿ ರಕ್ತ ಓಡಾಡುತ್ತಿದೆಯೇ ನೋಡುವುದು, ಇಷ್ಟಿಲ್ಲದೆ ಕಟ್ಟುವಂತಿಲ್ಲ. ಅದಕ್ಕೂ ಮೊದಲಿನ ಪ್ರಶ್ನೆ, ಏಕೆ ಎಳೆಯುತ್ತಿದ್ದಾರೆ? ಬೆಳಿಗ್ಗೆ ನೋಡಿದರೆ ಪ್ಲಾಸ್ಟರ್ ಮೂಗಿನ ಹೊಳ್ಳೆಗೆ ಬಿಗಿದು ಹುಣ್ಣಾಗಿತ್ತು, ಬಾಯಿ ಒಣಗಿ ತುಟಿ ಒಡೆದಿತ್ತು. ಪ್ಲಾಸ್ಟರ್ ಜಾಗ ಬದಲಿಸಿ, ಟ್ಯೂಬನ್ನು ಕಿವಿಯ ಹಿಂದಿನಿಂದ ತಂದು, ನಾಲ್ಕು ಗಂಟೆಗೊಮ್ಮೆ ಬಾಯಿ ಒರೆಸಿ ತುಟಿಗೆ ವ್ಯಾಸಲಿನ್ ಹಚ್ಚಿದ ಮೇಲೆ ಎಳೆಯುವುದು ನಿಂತಿತು.

ಏಜೆನ್ಸಿಯ ‘ಅಪ್‌ಡೇಟ್ ಗ್ರೂಪ್’ ಕೂಡ ಬೇಡದ ಸೌಲಭ್ಯ. ಬೆನ್ನಿನ ಫೋಟೋ ಹಾಕಿ ಎಂದು ಕೋಆರ್ಡಿನೇಟರ್ ಕೇಳಿದರು, ಆ ಗ್ರೂಪಿನಲ್ಲಿ ವ್ಯಾನ್ ಡ್ರೈವರ್ ಕೂಡ ಇದ್ದ. ಸಿಸ್ಟರ್ ಹಾಕಲಿಲ್ಲ, ಡಾಕ್ಟರಿಗೆ ಮಾತ್ರ, ಟೀಚರ್ ಕೈ ಒತ್ತಿ ಹೌದೆಂದ ಮೇಲೆ ಕಳಿಸಿದರು. ವಿದೇಶದಲ್ಲಿರುವ ಮಗ ವಿಡಿಯೋ ಕಾಲ್ ಮಾಡಿದಾಗ ಮೈ ಒರೆಸುತ್ತಿದ್ದರೆ ಮೊದಲು ಹೊದಿಕೆ, ಆಮೇಲೆ ಫೋನ್.

ಬಿಲ್ ಬಗ್ಗೆ ಹೆಚ್ಚೇನಿಲ್ಲ. ಮುಂಗಡ, ಊಟ, ಬದಲಿ ಸಿಬ್ಬಂದಿ ಎಷ್ಟು ಗಂಟೆಯೊಳಗೆ, ಉಳಿದ ದಿನದ ಹಣ ವಾಪಸ್ಸಾ ಎಂಬುದನ್ನು ಬರಹದಲ್ಲಿ ಪಡೆಯಿರಿ. ಮಾತು ತಪ್ಪಿದರೆ ಗ್ರಾಹಕ ಸಹಾಯವಾಣಿ 1915 ಇದೆ. ಎರಡನೇ ಭಾನುವಾರ ರಾತ್ರಿಯವರು ಬರದೆ, ಹಗಲಿನ ಸಿಸ್ಟರನ್ನೇ 24 ಗಂಟೆ ಕೂರಿಸಿದರು. ಬೆಳಗಿನ ಜಾವ ಅವರೂ ಒಂದು ಹೊರಳಿಸುವಿಕೆ ತಪ್ಪಿಸಿದರು, ಅದನ್ನು ‘4 ಗಂಟೆಗೆ ಮಾಡಿಲ್ಲ’ ಎಂದೇ ಬರೆದಿಟ್ಟರು. ಅವರ ಅಂಕ ಇಳಿಸಲಿಲ್ಲ, ಏಜೆನ್ಸಿಯ ರಾತ್ರಿ ಪಾಳಿಯದ್ದು ಇಳಿಸಿದೆವು.

ಈಗ ಹಗಲು ಪಾಳಿಯನ್ನಷ್ಟೇ ಮುಂದುವರಿಸಲಾಗಿದೆ, ಅದೇ ಸಿಸ್ಟರ್ ಬರುವ ಷರತ್ತಿನ ಮೇಲೆ. ರಾತ್ರಿಗೆ ಬೇರೆ ಕಡೆ ವಿಚಾರಿಸುವಾಗ ಮೊದಲು ಕೇಳುತ್ತಿರುವುದು ದರವಲ್ಲ, ಕಳೆದ ವಾರದ ಯಾವುದಾದರೂ ಚಾರ್ಟಿನ ಒಂದು ಹಾಳೆ, ರೋಗಿಯ ಹೆಸರು ಮುಚ್ಚಿ. ಉಸಿರಾಟದ ಕಾಲಂನಲ್ಲಿ ಉದ್ದಕ್ಕೂ 18 ಇದ್ದರೆ ಫೋನ್ ಇಡುವುದು.